ತನಗೂ ಲಾಭವಿಲ್ಲ, ಊರಿಗೂ ನಷ್ಟ: ಇಂಥ ದಡ್ಡತನವನ್ನು ನೀವು ಹೇಗೆ ನಿಭಾಯಿಸಿದ್ದೀರಿ?

ಕೇಳಿದವರು: ಮೈಸೂರಿನ ಒಂದು ಬಡಾವಣೆ ಸಂಘದ ಕಾರ್ಯದರ್ಶಿ

ನಮ್ಮ ಬಡಾವಣೆಯಲ್ಲಿ ಜೋರು ಮಳೆ ಬಂದರೆ ಸಾಕು, ಯುಜಿಡಿ (ಮನೆಗಳ ಕೊಳಚೆ ಒಯ್ಯುವ ನೆಲದೊಳಗಿನ ಚರಂಡಿ) ಮ್ಯಾನ್‌ಹೋಲ್ ಉಕ್ಕುತ್ತದೆ. ತಗ್ಗಿನ ಮನೆಗಳಲ್ಲಿ ಬಚ್ಚಲಿನಿಂದ ಕೊಳಚೆ ಮೇಲೆ ಬರುತ್ತದೆ. ಕಾರಣ ಎಲ್ಲರಿಗೂ ಗೊತ್ತು. ಎಷ್ಟೋ ಮನೆಯವರು ತಾರಸಿ ನೀರಿನ ಪೈಪನ್ನು ರಸ್ತೆ ಚರಂಡಿಗೆ ಬಿಡದೆ ಯುಜಿಡಿಗೆ ಸೇರಿಸಿದ್ದಾರೆ. ಡೈಪರ್, ಹಳೇ ಬಟ್ಟೆ, ತೆಂಗಿನ ನಾರು ಎಲ್ಲವೂ ಅದರೊಳಗೇ ಹೋಗುತ್ತದೆ. ಹೀಗೆ ಮಾಡಿದವರಲ್ಲೇ ಕೆಲವರ ಮನೆಗೆ ಕೊಳಚೆ ನುಗ್ಗುತ್ತದೆ. ಆದರೂ ಪೈಪ್ ಬಿಚ್ಚುವುದಿಲ್ಲ! ಇವರಲ್ಲಿ ಡಾಕ್ಟರ್ ಇದ್ದಾರೆ, ನಿವೃತ್ತ ಎಂಜಿನಿಯರ್ ಇದ್ದಾರೆ.

ಕಳ್ಳನನ್ನು ಅರ್ಥ ಮಾಡಿಕೊಳ್ಳಬಹುದು, ಅವನಿಗೆ ಏನೋ ಸಿಗುತ್ತದೆ. ಇದರಲ್ಲಿ ಯಾರಿಗೇನು ಸಿಗುತ್ತದೆ? ಬುದ್ಧಿ ಹೇಳಿ ಹೇಳಿ ಸಾಕಾಗಿದೆ. ಇಂಥದ್ದನ್ನು ನಿಭಾಯಿಸಿದವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶಿವಮೊಗ್ಗದ ನಿವೃತ್ತ ಅರ್ಥಶಾಸ್ತ್ರ ಮೇಷ್ಟ್ರು

ಕಾರ್ಯದರ್ಶಿಗಳೇ, ನಿಮ್ಮ ಪ್ರಶ್ನೆಯನ್ನು ಕಾರ್ಲೋ ಚಿಪೊಲ್ಲಾ ಎಂಬ ಇಟಲಿಯ ಆರ್ಥಿಕ ಇತಿಹಾಸಕಾರ 1976ರಲ್ಲೇ ಕೇಳಿಕೊಂಡಿದ್ದರು. ಅರ್ಧ ತಮಾಷೆ, ಅರ್ಧ ಗಂಭೀರ ಬರಹ. ಅವರ ಪ್ರಕಾರ ತನಗೇನೂ ಸಿಗದೆ, ಕೆಲವೊಮ್ಮೆ ತನಗೇ ನಷ್ಟ ಮಾಡಿಕೊಂಡು ಬೇರೆಯವರಿಗೂ ನಷ್ಟ ಮಾಡುವವನೇ ದಡ್ಡ. ಓದು, ಹುದ್ದೆ, ದುಡ್ಡು ಯಾವುದೂ ಇದಕ್ಕೆ ಅಡ್ಡ ಬರುವುದಿಲ್ಲ. ನೊಬೆಲ್ ಬಂದವರನ್ನೂ ಅವರು ಬಿಟ್ಟಿಲ್ಲ. ಹಾಗಾಗಿ ನಿಮ್ಮ ಡಾಕ್ಟರ್ ಬಗ್ಗೆ ಆಶ್ಚರ್ಯ ಬೇಡ.

ಲೆಕ್ಕ ನೋಡಿ. ಕಳ್ಳ ನಿಮ್ಮ ಜೇಬಿನಿಂದ ಸಾವಿರ ರೂಪಾಯಿ ಹೊಡೆದರೆ ಅನ್ಯಾಯ ನಿಜ, ಆದರೆ ಆ ಸಾವಿರ ಊರಲ್ಲೇ ಇರುತ್ತದೆ. ಅವನು ಅದರಲ್ಲಿ ಇಡ್ಲಿ ತಿನ್ನಬಹುದು, ಬಾಡಿಗೆ ಕಟ್ಟಬಹುದು. ಕೊಳಚೆಯಲ್ಲಿ ನೆನೆದ ಹಾಸಿಗೆ ಯಾರಿಗೂ ಸಿಗುವುದಿಲ್ಲ. ಕೊಳಚೆ ಹೀರುವ ಸಕ್ಕಿಂಗ್ ಗಾಡಿಯ ಬಾಡಿಗೆ, ಮಕ್ಕಳ ವಾಂತಿ ಭೇದಿ, ರಜೆ ಹಾಕಿದ ದಿನಗಳು, ಇವೆಲ್ಲ ಸುಮ್ನೆ ಆವಿಯಾಗಿ ಹೋದ ದುಡ್ಡು. ಊರು ಬಡವಾಗುವುದು ಕಳ್ಳರಿಂದ ಅಷ್ಟಲ್ಲ, ಇದರಿಂದ.

ಬೆಂಗಳೂರಿನ ಗೃಹಿಣಿ, ನಾಲ್ಕು ಬೀದಿಗಳ ಸಣ್ಣ ಲೇಔಟ್‌ನವರು

ಸರ್, ಇದೇ ಗೋಳು ನಮ್ಮಲ್ಲೂ ಇತ್ತು. ಈಗ ಮುಕ್ಕಾಲು ಪಾಲು ಇಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಮೊದಲು ವಾಟ್ಸ್ಯಾಪ್ ಗ್ರೂಪಿನಲ್ಲಿ ಬುದ್ಧಿ ಹೇಳುವುದನ್ನು ನಿಲ್ಲಿಸಿ. ನಮ್ಮಲ್ಲಿ ಅದರಿಂದ ಆಗಿದ್ದು ಜಗಳ ಮಾತ್ರ. ಎಲ್ಲರೂ ಕೈ ಮುಗಿಯುವ ಚಿತ್ರ ಹಾಕಿ ಒಪ್ಪುತ್ತಿದ್ದರು, ಪೈಪ್ ಅಲ್ಲೇ ಇರುತ್ತಿತ್ತು.

ಒಮ್ಮೆ ಮ್ಯಾನ್‌ಹೋಲ್ ಕಟ್ಟಿಕೊಂಡು ಜೋರಾಗಿ ನೀರು ಹಾಯಿಸಿ ಬಿಡಿಸುವ ಜೆಟ್ಟಿಂಗ್ ಗಾಡಿ ಬಂದಾಗ ಪಕ್ಕದಲ್ಲೇ ನಿಂತು ನೋಡಿದೆ. ಮೊದಲು ಬಂದಿದ್ದು ನೆಲ ಒರೆಸುವ ಬಟ್ಟೆ. ಆಮೇಲೆ ಕೂದಲಿನ ಉಂಡೆ, ಶಾಂಪೂ ಪೊಟ್ಟಣ, ಉಬ್ಬಿದ ಡೈಪರ್, ಅರ್ಧ ಸೀರೆಯಷ್ಟು ಉದ್ದದ ಚಿಂದಿ. ತಳದಲ್ಲಿ ಸಿಮೆಂಟು. ಯಾರೋ ಟೈಲ್ಸ್ ಕೆಲಸ ಮುಗಿಸಿ ಬಕೆಟ್ ತೊಳೆದ ನೀರು ಅದು, ಒಳಗೆ ಹೋಗಿ ಗಟ್ಟಿಯಾಗಿತ್ತು. ಗಾಡಿಯವರು ಅದನ್ನು ಒಡೆಯುವುದಕ್ಕೇ ಮಧ್ಯಾಹ್ನವಾಯಿತು.

ನೀರಿನ ಲೆಕ್ಕ ಹಾಕಿ ಒಂದು ಹಾಳೆಯಲ್ಲಿ ಬರೆದೆ. 1,000 ಚದರಡಿ ತಾರಸಿಯ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್. ತಲೆಗೆ ದಿನಕ್ಕೆ 135 ಲೀಟರ್ ಅಂದರೆ ನಾಲ್ಕು ಜನರ ಮನೆಯ ಖರ್ಚು 540. ಅಂದರೆ ಒಂದು ಜೋರು ಮಳೆಗೆ, ಎಂಟು ದಿನ ಬಳಸುವಷ್ಟು ನೀರು ಗಂಟೆಯೊಳಗೆ ಅದೇ ಪೈಪಿಗೆ ಹೋಗುತ್ತದೆ. ಯುಜಿಡಿ ಪೈಪ್ ಹಾಕಿರುವುದು ಬಚ್ಚಲು, ಪಾಯಿಖಾನೆ ನೀರಿಗೆ. ಮಳೆಗಲ್ಲ.

ಆ ಹಾಳೆ ಹಿಡಿದು ಮನೆ ಮನೆಗೆ ಹೋದಾಗ ತಿಳಿದಿದ್ದು ಒಂದು ವಿಷಯ. ಅರ್ಧಕ್ಕರ್ಧ ಜನರಿಗೆ ತಮ್ಮ ಮನೆಯಲ್ಲಿ ಹಾಗೆ ಸೇರಿಸಿದ್ದಾರೆ ಅಂತಲೇ ಗೊತ್ತಿರಲಿಲ್ಲ! ಎಲ್ಲ ಮನೆಗೂ ಕೆಲಸ ಮಾಡಿದ್ದು ಅದೇ ಇಬ್ಬರು ಮೂವರು ಪ್ಲಂಬರ್‌ಗಳು. ರಸ್ತೆವರೆಗೆ ಪೈಪ್ ಎಳೆದು, ಕಾಂಪೌಂಡ್ ಕೊರೆಯುವ ಕೆಲಸ ತಪ್ಪುತ್ತದೆ ಅಂತ ಹತ್ತಿರದ ಯುಜಿಡಿ ಚೇಂಬರಿಗೆ (ಮುಚ್ಚಳವಿರುವ ಗುಂಡಿಗೆ) ಸೇರಿಸಿ ಮುಚ್ಚಿದ್ದಾರೆ. ಮನೆಯವರಿಗೆ ಹೇಳಿಲ್ಲ, ಅವರೂ ಕೇಳಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದವನೊಬ್ಬ, ಉಣ್ಣುವವರು ಇನ್ಯಾರೋ.

ಹಾಗಾಗಿ ಮನೆಯವರನ್ನು ಬಿಟ್ಟು ಪ್ಲಂಬರ್‌ಗಳನ್ನೇ ಹಿಡಿದೆವು. ಎಲ್ಲರ ಮನೆಯಲ್ಲೂ ಒಂದೇ ವಾರ ಬಿಚ್ಚಿ ಕೊಡಬೇಕು, ಇಂತಿಷ್ಟು ರೇಟು ಅಂತ ಮಾತಾಡಿದೆವು. ಪಕ್ಕದ ಮನೆಯಲ್ಲಿ ಹೇಗೂ ಡ್ರಿಲ್ ಶಬ್ದ ಕೇಳುತ್ತಿದೆ, ನಮ್ಮದೂ ಮುಗಿಸಿಬಿಡಿ ಅಂತ ಹಲವರು ತಾವೇ ಬಂದರು. ಬೆಂಗಳೂರಿನಲ್ಲಿ 2009ರಿಂದ ದೊಡ್ಡ ಸೈಟುಗಳಿಗೆ ಮಳೆಕೊಯ್ಲು ಕಡ್ಡಾಯ. ಕೆಲವರು ಬಿಚ್ಚಿದ ಪೈಪನ್ನು ಹಾಗೇ ಸಂಪಿಗೆ ತಿರುಗಿಸಿಕೊಂಡರು, ಅವರಿಗೆ ಟ್ಯಾಂಕರ್ ಖರ್ಚು ಉಳಿಯಿತು.

ಒಬ್ಬರು ಮಾತ್ರ ಇವತ್ತಿಗೂ ಬಿಚ್ಚಿಲ್ಲ. ಅವರನ್ನು ನಾನು ಕೈಬಿಟ್ಟಿದ್ದೇನೆ. ಒಬ್ಬರಿಗೋಸ್ಕರ ನಿದ್ದೆ ಕೆಡಿಸಿಕೊಂಡರೆ ನಷ್ಟ ನಮಗೇ.

ಇನ್ನೊಂದು. ಗಾಡಿಯಿಂದ ಆಗದಿದ್ದರೆ ಯಾರನ್ನೋ ಒಳಗೆ ಇಳಿಸುವ ಮಾತು ಬರುತ್ತದೆ. ಒಪ್ಪಲೇಬೇಡಿ. 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನವಿಲ್ಲದೆ ಹಾಗೆ ಇಳಿಸುವುದು ಅಪರಾಧ. ಒಳಗೆ ಸತ್ತರೆ ಕುಟುಂಬಕ್ಕೆ 30 ಲಕ್ಷ ಕೊಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ಮನೆಯ ಡೈಪರಿಗೆ ಇನ್ನೊಬ್ಬರ ಮಗ ಯಾಕೆ ಸಾಯಬೇಕು?

ದಾವಣಗೆರೆಯಿಂದ ಒಬ್ಬರು

ಎಲ್ಲ ಬಿಟ್ಟು ದಂಡ ಹಾಕಿಸಿ ಸಾರ್. ಆಗ ನೋಡಿ ಹೇಗೆ ಬುದ್ಧಿ ಬರುತ್ತದೆ.

ಹಾವೇರಿ ಕಡೆಯ ಲಾರಿ ಡ್ರೈವರ್

ದಂಡದಿಂದ ಬುದ್ಧಿ ಬರೋದಾಗಿದ್ದರೆ ಹೆಲ್ಮೆಟ್ ವಿಷಯದಲ್ಲಿ ಬರಬೇಕಿತ್ತಣ್ಣ. ಪೊಲೀಸ್ ಕಂಡಾಗ ಹಾಕ್ತಾರೆ, ದಾಟಿದ ಮೇಲೆ ಮಿರರಿಗೆ ನೇತು ಹಾಕ್ತಾರೆ. ಕೇಂದ್ರ ಸಾರಿಗೆ ಇಲಾಖೆ ಲೆಕ್ಕದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಜನ. ಅದರಲ್ಲಿ ಹಿಂದೆ ಕೂತವರೇ 14 ಸಾವಿರದ ಮೇಲೆ. ತಲೆ ಅವರದೇ, ಉಳಿದಿದ್ದೇನು?

ನಾನು ಕಣ್ಣಾರೆ ಕಂಡ ಒಂದು ಪರಿಹಾರ ಹೇಳ್ತೀನಿ. ನಮ್ಮ ರೂಟಿನಲ್ಲಿ ಒಂದು ರೈಲ್ವೆ ಗೇಟ್ ಇದೆ. ಗೇಟ್ ಹಾಕಿದ ಕೂಡಲೇ ಈ ಕಡೆಯ ಬೈಕು, ಕಾರು ಬಲಗಡೆಗೂ ನುಗ್ಗಿ ಮುಂದೆ ನಿಲ್ಲುತ್ತಿದ್ದವು. ಆ ಕಡೆಯವರೂ ಅದನ್ನೇ ಮಾಡ್ತಾರೆ. ಗೇಟ್ ತೆಗೆದಾಗ ಎರಡು ಸೈನ್ಯ ಎದುರು ಬದುರು! ಯಾರೂ ಮುಂದೆ ಹೋಗುವ ಹಾಗಿಲ್ಲ, ಹಿಂದೆ ಬರುವ ಹಾಗಿಲ್ಲ. ಹಾರ್ನ್ ಬೇರೆ. ರೈಲು ಹೋಗಿ ಎಷ್ಟೋ ಹೊತ್ತಾದರೂ ಆಂಬುಲೆನ್ಸ್ ಅಲ್ಲೇ. ಗೇಟ್‌ಮ್ಯಾನ್ ಕೂಗಿ ಕೂಗಿ ಸುಸ್ತಾಗಿದ್ದ. ಬೋರ್ಡ್ ಹಾಕಿದರು, ಅದಕ್ಕೆ ಯಾರೋ ಸಿನಿಮಾ ಪೋಸ್ಟರ್ ಅಂಟಿಸಿದರು. ಕೊನೆಗೆ ಎರಡೂ ಕಡೆ ರಸ್ತೆ ನಡುವೆ ಸೊಂಟದೆತ್ತರ ಕಾಂಕ್ರೀಟ್ ಡಿವೈಡರ್ ಇಟ್ಟರು. ಅಷ್ಟೇ. ಮಾರನೇ ದಿನದಿಂದ ಅದೇ ಜನ ಸಾಲಾಗಿ ನಿಲ್ಲುತ್ತಿದ್ದಾರೆ, ಯಾರ ಗುಣವೂ ಬದಲಾಗಿಲ್ಲ.

ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಮಂಗಳೂರು

ಮೇಷ್ಟ್ರ ಲೆಕ್ಕ ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ. ಮೋಸ ಹೋದವರನ್ನು ಈ ಪಟ್ಟಿಗೆ ಸೇರಿಸಬೇಡಿ. ‘ಡಿಜಿಟಲ್ ಅರೆಸ್ಟ್’ ಅಂತ ಪೊಲೀಸರ ಸೋಗಿನಲ್ಲಿ ವಿಡಿಯೋ ಕಾಲ್ ಮಾಡಿ ಹೆದರಿಸುವವರು ಕಳ್ಳರು. ಹೆದರಿದವರು ದಡ್ಡರಲ್ಲ.

ನಮ್ಮ ಬ್ರಾಂಚಿಗೆ ಒಬ್ಬರು ಹಿರಿಯರು ಎಫ್‌ಡಿ ಮುರಿಸಲು ಬಂದರು. ಮಗನಿಗೆ ಸೈಟು ಅಂದರು. ಫೋನು ಅಂಗಿ ಜೇಬಿನಲ್ಲಿ, ಕ್ಯಾಮೆರಾ ಹೊರಗೆ ಕಾಣುವ ಹಾಗೆ. ಕೈ ನಡುಗುತ್ತಿತ್ತು. ನಾನು ಮಾತಾಡದೆ ಚಲನ್ ಹಿಂದೆ ಬರೆದೆ: ‘ಫೋನಿನಲ್ಲಿ ಯಾರಾದರೂ ಇದ್ದಾರಾ? ಹೌದಾದರೆ ಚಲನ್ ಮಡಚಿ ಕೊಡಿ.’ ಮಡಚಿ ಕೊಟ್ಟರು. ಹಾಗೆ ಉಳಿಯಿತು ದುಡ್ಡು.

ಉಳಿಯದೆ ಹೋದವರದ್ದು ಬೇರೆ ಕಥೆ. ದುಡ್ಡು ಹೋದ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದರೆ ಮುಂದಿನ ಖಾತೆಯಲ್ಲಿ ತಡೆಹಿಡಿಯುವ ಅವಕಾಶ ಇರುತ್ತದೆ. ಆದರೆ ಮನೆಯವರು ‘ಇಷ್ಟು ಓದಿ ಇಂಥ ದಡ್ಡತನವಾ’ ಅಂತಾರೆ ಎಂಬ ನಾಚಿಕೆಗೆ ವಾರಗಟ್ಟಲೆ ಮುಚ್ಚಿಡುತ್ತಾರೆ. ದಡ್ಡ ಅನ್ನುವ ಆ ಒಂದು ಬೈಗುಳದ ಖರ್ಚು ಎಷ್ಟು ಲಕ್ಷ ಅಂತ ನಮ್ಮ ಕೌಂಟರಿನಲ್ಲಿ ಕೂತರೆ ಗೊತ್ತಾಗುತ್ತದೆ.

ಬೀದರ್ ಜಿಲ್ಲೆಯ ಶಾಲಾ ಶಿಕ್ಷಕರು

ಮೇಷ್ಟ್ರೇ, ಆ ಇಟಲಿಯವರು ದಡ್ಡರು ಹುಟ್ಟಿನಿಂದಲೇ ಹಾಗೆ ಅಂತ ಹೇಳಿದ್ದು ಓದಿದ ನೆನಪು. ಅದನ್ನು ನಾನು ಒಪ್ಪುವುದಿಲ್ಲ. ನಮ್ಮ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈ 13ರಂದು ನಡೆದದ್ದು ನಿಮಗೂ ನೆನಪಿರಬಹುದು. ಹೈದರಾಬಾದ್ ಕಡೆಯಿಂದ ಬಂದ ಕೆಲವರು ದಾರಿಯಲ್ಲಿ ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ಸುದ್ದಿ ಹಬ್ಬಿತು. ಅವರ ಕಾರಿಗಿಂತ ಮೊದಲೇ ವಾಟ್ಸ್ಯಾಪ್ ಮೆಸೇಜು ಮುರ್ಕಿ ಮುಟ್ಟಿತ್ತು. ರಸ್ತೆಗೆ ಅಡ್ಡ ಹಾಕಿ ಕಾದಿದ್ದರು. ಒಬ್ಬ ಯುವ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಊರಿನ ಹತ್ತಾರು ಜನ ಜೈಲಿಗೆ ಹೋದರು. ಒಂದು ಪೈಸೆ ಲಾಭ ಯಾರಿಗೂ ಇಲ್ಲ.

ಇವರೆಲ್ಲ ಬೇರೆ ದಿನ ದಾರಿ ತಪ್ಪಿ ಬಂದವರಿಗೆ ನೀರು ಕೊಟ್ಟು, ರೊಟ್ಟಿ ಹಾಕಿ ಕಳಿಸುವ ಜನ. ಹುಟ್ಟು ದಡ್ಡರಲ್ಲ. ಆ ತಿಂಗಳುಗಳಲ್ಲಿ ದೇಶದಲ್ಲೆಲ್ಲ ಓಡಾಡಿದ ಮಕ್ಕಳ ಕಳ್ಳರ ವಿಡಿಯೋ ಕೂಡ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಟ್ಟು ಫಲಕ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು.

ಆಮೇಲೆ ಏನು ಕೆಲಸ ಮಾಡಿತು ಗೊತ್ತಾ? ನಾವು ಶಾಲೆಯಲ್ಲಿ ಮಾಡಿದ ಭಾಷಣವಂತೂ ಅಲ್ಲ. ಆ ಜುಲೈನಲ್ಲೇ ವಾಟ್ಸ್ಯಾಪ್‌ನವರು ಭಾರತದಲ್ಲಿ ಒಂದು ಮೆಸೇಜನ್ನು ಒಮ್ಮೆಗೆ ಐದೇ ಚಾಟಿಗೆ ಕಳಿಸಬಹುದು ಅಂತ ಮಾಡಿದರು. 2020ರಲ್ಲಿ, ತುಂಬಾ ಕೈ ಬದಲಾಯಿಸಿದ ಮೆಸೇಜು ಒಮ್ಮೆಗೆ ಒಂದೇ ಚಾಟಿಗೆ ಅಂತ ಕಟ್ಟು ಹಾಕಿದ ಮೇಲೆ ಅಂಥ ಮೆಸೇಜುಗಳ ಓಡಾಟ ಶೇ 70ರಷ್ಟು ಇಳಿಯಿತು ಅಂತ ಅವರೇ ಹೇಳಿದರು. ಜನ ಜಾಣರಾಗಲಿಲ್ಲ, ಬೆರಳಿಗೆ ಕೆಲಸ ಜಾಸ್ತಿಯಾಯಿತು. ಲಾರಿ ಅಣ್ಣ ಹೇಳಿದ ಡಿವೈಡರೇ ಇದು.

ಕೇಳಿದವರು

ಎಲ್ಲರಿಗೂ ಧನ್ಯವಾದ. ಮೇಡಂ ಹೇಳಿದ ಪ್ಲಂಬರ್ ದಾರಿ ನಮಗೂ ಹೊಂದುತ್ತದೆ, ಇಲ್ಲೂ ಮಾಡಿದ್ದು ಒಂದಿಬ್ಬರೇ. ಆದರೆ ಯಾರ ಮನೆಯ ಪೈಪ್ ಯುಜಿಡಿಗೆ ಹೋಗಿದೆ ಅಂತ ಪತ್ತೆ ಮಾಡುವುದು ಹೇಗೆ? ಎಲ್ಲ ನೆಲದೊಳಗೆ ಮುಚ್ಚಿದೆ. ಕೇಳಿದರೆ ‘ನಮ್ಮದಲ್ಲ’ ಅಂತಾರೆ.

ಹುಬ್ಬಳ್ಳಿಯ ಪ್ಲಂಬಿಂಗ್ ಗುತ್ತಿಗೆದಾರರು

ಸುಲಭ ಐತ್ರಿ. ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಜಾಸ್ತಿ ಕಲಸಿ ತಾರಸಿಯ ಮಳೆ ಪೈಪಿಗೆ ಸುರಿಯಿರಿ. ಹಿಂದೆಯೇ ಮೂರು ನಾಲ್ಕು ಬಕೆಟ್ ಬರೀ ನೀರು. ಕೆಳಗೆ ಮನೆಯ ಚೇಂಬರ್ ಮುಚ್ಚಳ ತೆಗೆದು ಒಬ್ಬರು ನೋಡುತ್ತಿರಲಿ. ನೀಲಿ ಬಂತೋ, ಸೇರಿಸಿದ್ದಾರೆ ಅಂತ. ಬರಲಿಲ್ಲವೋ, ರಸ್ತೆ ಚರಂಡಿಯಲ್ಲಿ ನೋಡಿ. ಮನೆಯವರನ್ನೇ ತಾರಸಿಯಿಂದ ಸುರಿಯಲು ಹೇಳಿ. ತಾವೇ ಸುರಿದ ನೀಲಿ ನೀರನ್ನು ‘ನಮ್ಮದಲ್ಲ’ ಅನ್ನೋದಕ್ಕೆ ಆಗೋದಿಲ್ಲ.

ಸಾಲಿನಲ್ಲಿ ಮೇಲಿನ ಮನೆಯಿಂದ ಶುರು ಮಾಡಬೇಡಿ, ನೀಲಿ ಇಳಿದು ಕೆಳಗಿನವರ ಲೆಕ್ಕ ಕೆಡುತ್ತದೆ. ತಗ್ಗಿನ ಮನೆಯಿಂದ ಮೇಲಕ್ಕೆ ಹೋಗಿ. ರಸ್ತೆಯ ದೊಡ್ಡ ಮ್ಯಾನ್‌ಹೋಲ್ ಮಾತ್ರ ಪಾಲಿಕೆಯವರೇ ತೆಗೆಯಲಿ, ಒಳಗೆ ಗ್ಯಾಸ್ ಇರುತ್ತದೆ, ಬಗ್ಗಿ ನೋಡಲೂ ಬೇಡಿ. ತಗ್ಗಿನ ಮನೆಗಳವರಿಗೆ ಸದ್ಯಕ್ಕೆ ನಾನ್ ರಿಟರ್ನ್ ವಾಲ್ವ್ (ನೀರು ಹೊರಗೆ ಹೋಗಲು ಬಿಟ್ಟು ವಾಪಸ್ ಬರದಂತೆ ತಡೆಯುವ ಕವಾಟ) ಹಾಕಿಸಿ. ಆರು ತಿಂಗಳಿಗೊಮ್ಮೆ ಅದನ್ನು ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಕಸ ಸಿಕ್ಕಿ ಮುಚ್ಚಿಕೊಳ್ಳುವುದಿಲ್ಲ. ಮುಂಗಾರಿಗೆ ಮುಂಚೆ, ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ. ಜೂನ್ ಆದರೆ ನಮ್ಮಂಥವರು ಫೋನಿಗೂ ಸಿಗುವುದಿಲ್ಲ.