ಕಾವಿಗೆ ಇಟ್ಟದ್ದು 11 ಮೊಟ್ಟೆ, ಸಿಕ್ಕಿದ್ದು 4 ಮರಿ. ಎಲ್ಲಿ ತಪ್ಪಾಯಿತು?

ತೆಂಗಿನನೆರಳು (ತಿಪಟೂರು ಕಡೆ)

ಎಲ್ಲರಿಗೂ ನಮಸ್ಕಾರ. ಕೋಳಿ ಸಾಕೋಕೆ ಶುರು ಮಾಡಿ ಒಂದೂವರೆ ವರ್ಷ ಆಯ್ತು. ತೋಟದಲ್ಲೇ ಮನೆ. 6 ನಾಟಿ ಹೇಂಟೆ ಇವೆ, ಒಂದು ಹುಂಜ ಇತ್ತು. ವ್ಯಾಪಾರಕ್ಕಲ್ಲ, ಮನೆಗೆ ಮೊಟ್ಟೆ ಆಗಲಿ, ಮಕ್ಕಳಿಗೆ ಖುಷಿ ಆಗಲಿ ಅಂತ. ಇದುವರೆಗೆ ಮರಿ ಮಾಡಿಸಿರಲಿಲ್ಲ, ಇದೇ ಮೊದಲ ಸಲ.

ಮಕ್ಕಳು ಕೆಂಚಿ ಅಂತ ಹೆಸರಿಟ್ಟ ಹೇಂಟೆ ಹೊಸತೊಡಕು ಕಳೆದು ಆರನೇ ದಿನಕ್ಕೆ ಕಾವಿಗೆ ಬಂತು. ಗೂಡು ಬಿಟ್ಟು ಏಳಲ್ಲ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಕೊರ್ ಕೊರ್ ಅಂತ ಬೈಯುತ್ತಿತ್ತು. ಎರಡು ವಾರದಿಂದ ಮೊಟ್ಟೆಗಳನ್ನ ಅಡುಗೆಮನೆ ಅಟ್ಟದ ಮೇಲೆ ರಾಗಿ ಡಬ್ಬದಲ್ಲಿ ಹೂತಿಟ್ಟಿದ್ದೆ, ಅದರಲ್ಲಿ ಚೆನ್ನಾಗಿ ಕಂಡ 11 ಆರಿಸಿ ಕೆಂಚಿ ಕೆಳಗೆ ಇಟ್ಟೆ. ಗೂಡು ಅಂದರೆ ಶೀಟ್ ಶೆಡ್ಡಿನ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕ್ರೇಟ್, ಒಳಗೆ ಗೋಣಿಚೀಲ. ಎಲ್ಲ ಕೋಳಿಗಳೂ ಅದೇ ಶೆಡ್ಡಲ್ಲಿ ಇರುತ್ತವೆ.

20ನೇ ದಿನ ಸಂಜೆ ಮೊಟ್ಟೆ ಒಳಗಿಂದ ಚಿಂವ್ ಚಿಂವ್ ಕೇಳಿಸಿತು. ಮಕ್ಕಳಿಬ್ಬರೂ ಕಿವಿ ಇಟ್ಟುಕೊಂಡು ಕೂತಿದ್ದರು, ಊಟಕ್ಕೆ ಕರೆದರೂ ಬರಲಿಲ್ಲ. ಮಾರನೆ ದಿನ ನಾಲ್ಕು ಮರಿ ಬಂದವು. 22ನೇ ದಿನ ಸಂಜೆ ಕೆಂಚಿ ಆ ನಾಲ್ಕನ್ನೇ ಕರ್ಕೊಂಡು ಕೆಳಗಿಳಿದು ಬಿಡ್ತು, ಮತ್ತೆ ಗೂಡಿಗೆ ಹೋಗಲೇ ಇಲ್ಲ. ಉಳಿದ ಮೊಟ್ಟೆ ಎಣಿಸಿದರೆ 12! ನಾನು ಇಟ್ಟಿದ್ದೇ 11 ಅಲ್ವಾ, ಎಲ್ಲಿಂದ ಬಂದವೋ.

ಎರಡು ದಿನ ಕಾದು, ತಣ್ಣಗಾದ ಮೇಲೆ ತೋಟದಲ್ಲಿ ಗುಂಡಿ ತೋಡಿ ಒಂದೊಂದೇ ಒಡೆದು ನೋಡಿದೆ. ಏನಾಗಿದೆ ಅಂತ ತಿಳಿಯಲೇಬೇಕು ಅನ್ನಿಸಿತ್ತು. ನಾಲ್ಕರಲ್ಲಿ ಏನೂ ಇಲ್ಲ, ಬರೀ ಲೋಳೆ ಮತ್ತು ಭಂಡಾರ (ಹಳದಿ). ಎರಡು ಕಪ್ಪಾಗಿ ಕೊಳೆತು ವಾಸನೆ ತಡೆಯೋಕಾಗಲಿಲ್ಲ. ಮೂರರಲ್ಲಿ ಸಣ್ಣ ಸಣ್ಣ ಮರಿ, ಒಂದು ಹುಣಸೆ ಬೀಜದಷ್ಟು, ಒಂದು ಹೆಬ್ಬೆರಳಷ್ಟು, ಒಂದಕ್ಕೆ ಆಗತಾನೆ ಪುಕ್ಕ ಮೂಡುತ್ತಿತ್ತು. ಇನ್ನು ಮೂರರಲ್ಲಿ ಮರಿ ಪೂರ್ತಿ ಬೆಳೆದಿತ್ತು. ಕಾಲುಗುರು, ಕೊಕ್ಕು, ಹಳದಿ ಪುಕ್ಕ ಎಲ್ಲ ಇತ್ತು. ಒಂದು ಮರಿ ಚಿಪ್ಪಿಗೆ ಕುಟ್ಟಿ ಸಣ್ಣ ಬಿರುಕೂ ಮಾಡಿತ್ತು. ಒಳಗಿನ ಪೊರೆ ಹಪ್ಪಳದ ಹಾಗೆ ಒಣಗಿ ಅದರ ಬೆನ್ನಿಗೆ ಅಂಟಿಕೊಂಡಿತ್ತು. ಅದನ್ನ ನೋಡಿ ತುಂಬಾ ಸಂಕಟ ಆಯ್ತು. ಇನ್ನೊಂದು ಸ್ವಲ್ಪದಲ್ಲಿ ಹೊರಗೆ ಬರ್ತಿತ್ತು.

ನಾನು ಎಲ್ಲಿ ತಪ್ಪು ಮಾಡಿದೆ? ಕೋಳಿದೋ, ಮೊಟ್ಟೆದೋ, ಬಿಸಿಲಿಂದಲೋ? ಗೊತ್ತಿರೋರು ದಯವಿಟ್ಟು ಹೇಳಿ.

---

ಒಡ್ಡಿಮನೆ (ತೀರ್ಥಹಳ್ಳಿ)

ಅಣ್ಣ, ಮೊಟ್ಟೆ ಒಡೆದು ನೋಡಿದ್ದು ಒಳ್ಳೇದಾಯ್ತು. ಎಷ್ಟೋ ಜನ ಹಾಗೇ ಎಸೆದುಬಿಡ್ತಾರೆ, ಮುಂದಿನ ಸಲವೂ ಅದೇ ತಪ್ಪು ಆಗುತ್ತೆ.

11 ಇಟ್ಟು, 4 ಮರಿ 12 ಮೊಟ್ಟೆ ಸೇರಿ 16 ಆಗಿದ್ದರೆ ಉತ್ತರ ಅಲ್ಲೇ ಇದೆ. ಬೇರೆ ಹೇಂಟೆಗಳು ಬಂದು ಅದೇ ಗೂಡಲ್ಲಿ ಇಟ್ಟು ಹೋಗಿವೆ. ಕೋಳಿಗೆ ಮೊಟ್ಟೆ ಕಂಡ ಕಡೆಯೇ ಮೊಟ್ಟೆ ಇಡೋ ಬುದ್ಧಿ. ಕೆಂಚಿ ತಿನ್ನೋಕೆ ಎದ್ದು ಹೋದಾಗ ಇನ್ನೊಂದು ಒಳಗೆ ಹೋಗಿ ಕೂತಿರುತ್ತೆ. ಕೆಲವು ಸಲ ಕಾವಿಗೆ ಕೂತಿದ್ದರ ಪಕ್ಕದಲ್ಲೇ ಒತ್ತಿಕೊಂಡು ಕೂತು ಇಡುತ್ತವೆ, ನಾನೇ ನೋಡಿದ್ದೀನಿ. ನಿಮ್ಮ ಮೂರು ಸಣ್ಣ ಮರಿ ಮೂರು ಅಳತೆಯಲ್ಲಿ ಇದ್ದವು ಅಂದ್ರಲ್ಲ, ಅವು ಬೇರೆ ಬೇರೆ ದಿನ ಬಂದು ಸೇರಿದ ಮೊಟ್ಟೆ. ಮೊದಲ ದಿನ ಇಟ್ಟಿದ್ದು 21ಕ್ಕೆ ಒಡೆಯುತ್ತೆ, ಎಂಟನೇ ದಿನ ಸೇರಿದ್ದಕ್ಕೆ ಆವಾಗ ಆಗಿರೋದು ಬರೀ 13 ದಿನ, ಇನ್ನೂ 8 ದಿನ ಬೇಕು. ಹೇಂಟೆ ಅಷ್ಟು ದಿನ ಕಾಯಲ್ಲ. ಮೊದಲು ಬಂದ ಮರಿ ಓಡಾಡೋಕೆ ಶುರು ಮಾಡಿದ ತಕ್ಷಣ ಅದರ ಮನಸ್ಸು ಆ ಕಡೆ ಹೋಗಿಬಿಡುತ್ತೆ.

ಜೊತೆಗೆ ಸಣ್ಣ ನಾಟಿ ಹೇಂಟೆ ಹೊಟ್ಟೆ ಕೆಳಗೆ 16 ಹಿಡಿಯಲ್ಲ. ಅಂಚಿಗೆ ಬಂದದ್ದು ತಣ್ಣಗಾಗುತ್ತೆ. ಅದನ್ನ ಒಳಗೆ ತಳ್ಳಿದಾಗ ಒಳ್ಳೆಯದೊಂದು ಅಂಚಿಗೆ ಬರುತ್ತೆ. ಹಾಗೆ ಸರದಿ ಮೇಲೆ ಎಲ್ಲವೂ ಒಂದೊಂದು ಸಲ ಚಳಿ ತಿಂತವೆ.

ನಾನು ಮಾಡೋದು ಇಷ್ಟು. ಇಡೋ ದಿನ ಪೆನ್ಸಿಲಲ್ಲಿ ಎಲ್ಲ ಮೊಟ್ಟೆ ಮೇಲೂ ಗೆರೆ ಎಳೆದು ತಾರೀಕು ಹಾಕ್ತೀನಿ. ದಿನಾ ಸಂಜೆ ಹೇಂಟೆ ತಿನ್ನೋಕೆ ಎದ್ದಾಗ ಗೆರೆ ಇಲ್ಲದ ಮೊಟ್ಟೆ ಇದ್ದರೆ ತೆಗೆದು ಸಾರಿಗೆ ಹಾಕ್ತೀವಿ. ಮತ್ತೆ ಕಾವಿನ ಕೋಳಿಯನ್ನ ಒಡ್ಡಿಯಲ್ಲಿ (ಕೋಳಿಗೂಡಲ್ಲಿ) ಬಿಡಲ್ಲ, ಸೌದೆ ಕೊಟ್ಟಿಗೆ ಮೂಲೆಯಲ್ಲಿ ಬೇರೆ ಇಡ್ತೀನಿ. ಜಾಗ ಬದಲಾಯಿಸೋದಿದ್ದರೆ ರಾತ್ರಿ ಕತ್ತಲಲ್ಲಿ ಎತ್ತಿ ಕೂರಿಸಿ. ಹಗಲಲ್ಲಿ ಎತ್ತಿದರೆ ಹಳೇ ಗೂಡಿಗೇ ಓಡಿ ಹೋಗುತ್ತೆ, ಕಾವೇ ಬಿಟ್ಟರೂ ಬಿಟ್ಟಿತು.

ಇನ್ನೊಂದು. "ಒಂದು ಹುಂಜ ಇತ್ತು" ಅಂತ ಬರೆದಿದ್ದೀರಿ. ಈಗ ಇಲ್ವಾ?

---

ತೆಂಗಿನನೆರಳು

ಇಲ್ಲ ಅಣ್ಣ. ಹೊಸತೊಡಕಿಗೆ ಕುಯ್ದೆವು. ಮನೆ ತುಂಬ ನೆಂಟರು ಬಂದಿದ್ದರು. ಆಗ ಹೇಂಟೆ ಕಾವಿಗೆ ಬರುತ್ತೆ ಅಂತ ಯೋಚನೆಯೇ ಇರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

---

ರಾಗಿಹೊಲ (ಮುಳಬಾಗಿಲು)

ನಮ್ಮತ್ತೆ 50 ವರ್ಷದಿಂದ ಕೋಳಿ ಸಾಕ್ತಿದ್ದಾರೆ, ಅವರಿಂದ ಕಲಿತದ್ದು ಹೇಳ್ತೀನಿ.

ಪ್ಲಾಸ್ಟಿಕ್ ಕ್ರೇಟ್ ಬೇಡವೇ ಬೇಡ. ಅದು ಕಾಯುತ್ತೆ, ತೇವ ಹಿಡಿಯಲ್ಲ, ಸುತ್ತ ತೂತು, ಗಾಳಿ ನುಗ್ಗುತ್ತೆ. ನಮ್ಮಲ್ಲಿ ಬಿದಿರು ಮಂಕರಿ ಅಥವಾ ಅಗಲ ಬಾಯಿಯ ಹಳೇ ಮಡಕೆ. ತಳಕ್ಕೆ ಎರಡು ಬೊಗಸೆ ಮಣ್ಣು ಹಾಕಿ, ನಡುವೆ ಸ್ವಲ್ಪ ತಗ್ಗು ಮಾಡಿ, ಮೇಲೆ ರಾಗಿ ಹುಲ್ಲು. ತಗ್ಗಿದ್ದರೆ ಮೊಟ್ಟೆ ಒಟ್ಟಿಗೆ ಇರ್ತವೆ, ಅಂಚಿಗೆ ಉರುಳಲ್ಲ. ಹುಲ್ಲಿನ ಜೊತೆ ಒಂದು ಹಿಡಿ ಬೇವಿನ ಸೊಪ್ಪು ಹಾಕಿ. ಕಾವಿಗೆ ಕೂತ ಕೋಳಿಗೆ ಹೇನು ಹತ್ತೋದು ಜಾಸ್ತಿ, ಕಡಿತ ತಡೆಯಲಾರದೆ ಪದೇ ಪದೇ ಎದ್ದು ಹೋಗುತ್ತೆ. ಗೋಣಿಚೀಲದ ಸಂದಿಯಲ್ಲಿ ಹೇನು ಸೇರಿದರೆ ಬಿಡಿಸೋಕೇ ಆಗಲ್ಲ. ಅದು ದಿನಕ್ಕೊಂದು ಸಲ ಎದ್ದಾಗ ಬೂದಿ ಮಣ್ಣಲ್ಲಿ ಹೊರಳಾಡೋಕೆ ಜಾಗ ಇರಲಿ, ಪಕ್ಕದಲ್ಲೇ ನೀರು, ಒಂದು ಹಿಡಿ ಜೋಳವೋ ರಾಗಿಯೋ ಇಡಿ. ಹೊಟ್ಟೆ ತುಂಬಿಸಿಕೊಂಡು 15-20 ನಿಮಿಷದಲ್ಲಿ ತಾನೇ ವಾಪಸ್ ಕೂರುತ್ತೆ. ನೀವು ಓಡಿಸಿ ಕೂರಿಸಬೇಡಿ.

ಅತ್ತೆ ಯಾವಾಗಲೂ ಬೆಸ ಸಂಖ್ಯೆಯಲ್ಲೇ ಇಡ್ತಾರೆ, 9 ಅಥವಾ 11. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಹುಲ್ಲಿನ ಕೆಳಗೆ ಒಂದು ಕಬ್ಬಿಣದ ಮೊಳೆ, ಒಂದು ತುಂಡು ಇದ್ದಿಲು, ಒಂದು ಒಣಮೆಣಸಿನಕಾಯಿ. ನಾನೂ ಅದನ್ನ ಬಿಟ್ಟಿಲ್ಲ.

---

ಹಸು ಕುರಿ ಕೋಳಿ (ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತ)

ಮೇಲಿನ ಇಬ್ಬರೂ ಸರಿಯಾಗಿ ಹೇಳಿದ್ದಾರೆ. ಅಕ್ಕ ಹೇಳಿದ ಮೊಳೆ, ಇದ್ದಿಲಿನಿಂದ ನಷ್ಟ ಏನೂ ಇಲ್ಲ, ಇಡಲಿ. ಆದರೆ ಗುಡುಗಿನ ಸದ್ದಿಗೆ ಒಳಗಿನ ಮರಿ ಸಾಯಲ್ಲ. ಹೇಂಟೆ ಬೆದರಿ ಎದ್ದು ಹಾರಿದಾಗ ಕಾಲಿಗೆ ತಗುಲಿ ಮೊಟ್ಟೆ ಬಿರುಕು ಬಿಡೋದುಂಟು, ಮಳೆ ಎರಚಲು ಬಿದ್ದು ಗೂಡು ನೆನೆಯೋದುಂಟು. ಮರೆಯಾದ, ಕತ್ತಲೆಯ ಜಾಗ ಕೊಟ್ಟರೆ ಅದೇ ದೊಡ್ಡ ರಕ್ಷಣೆ.

ಹುಂಜದ ವಿಷಯ. ಸಂಬಂಧ ಖಂಡಿತ ಇದೆ. ಹುಂಜ ಹತ್ತಿದ ಮೇಲೆ ಹೇಂಟೆಯ ಹೊಟ್ಟೆಯಲ್ಲಿ ಅದರ ಬೀಜ ಸುಮಾರು 10-14 ದಿನ ಉಳಿಯುತ್ತೆ. ಆಮೇಲೆ ಇಡೋದೆಲ್ಲ ಗೊಡ್ಡು ಮೊಟ್ಟೆ, ತಿನ್ನೋಕೆ ಸರಿ, ಮರಿಗೆ ಆಗಲ್ಲ. ಹುಂಜ ಹೋದ ಆರು ದಿನಕ್ಕೆ ನೀವು ಕೋಳಿ ಕೂರಿಸಿದ್ದೀರಿ. ಮೊದಲ ವಾರ ಬಂದು ಸೇರಿದ ಮೊಟ್ಟೆಗೆ ಇನ್ನೂ ಬೀಜ ಇತ್ತು, ಅದಕ್ಕೇ ಅದರಲ್ಲಿ ಸಣ್ಣ ಮರಿ ಕಂಡದ್ದು. ಏನೂ ಇಲ್ಲದ ನಾಲ್ಕರಲ್ಲಿ ಎರಡಾದರೂ ಆಮೇಲೆ ಬಂದು ಸೇರಿದ್ದೇ ಇರಬೇಕು. ಇನ್ನು ಹೊಸ ಹುಂಜ ಬಿಟ್ಟರೆ ಒಂದು ವಾರ ಕಾದು ಆಮೇಲೆ ಮೊಟ್ಟೆ ಕೂಡಿಸಿ. 8-10 ಹೇಂಟೆಗೆ ಒಂದು ಹುಂಜ ಸಾಕು.

ಎರಡು ಕಪ್ಪಾಗಿ ಕೊಳೆತವಲ್ಲ, ಅದು ಅಟ್ಟದ ಕೆಲಸ ಅಂತ ನನಗೆ ಅನ್ನಿಸುತ್ತೆ. ರಾಗಿಯಲ್ಲಿ ಹೂತಿಡೋದು ಹಳೇ ಒಳ್ಳೇ ಪದ್ಧತಿ. ಆದರೆ ಬೇಸಿಗೆಯಲ್ಲಿ ಅಡುಗೆಮನೆ ಅಟ್ಟ ಅಂದರೆ ಕೆಳಗೆ ಒಲೆ, ಮೇಲೆ ಬಿಸಿಲು. ಅಷ್ಟು ಸೆಖೆಗೆ ಮೊಟ್ಟೆಯೊಳಗೆ ಜೀವ ಅರೆಬರೆ ಬೆಳೆಯೋಕೆ ಶುರು ಮಾಡುತ್ತೆ, ರಾತ್ರಿ ತಂಪಿಗೆ ನಿಲ್ಲುತ್ತೆ, ಹಾಗೇ ನಾಲ್ಕು ದಿನ ಆದರೆ ಸತ್ತೇ ಹೋಗುತ್ತೆ. ಆಮೇಲೆ ಕೋಳಿ ಕೆಳಗೆ ಇಟ್ಟರೆ ಅದು ಕೊಳೆಯುತ್ತೆ. ಚಳಿಗಾಲದಲ್ಲಿ ಒಂದು ವಾರದ ತನಕ ಇಡಬಹುದು, ಬೇಸಿಗೆಯಲ್ಲಿ 3-4 ದಿನಕ್ಕಿಂತ ಹಳೇದು ಕಾವಿಗೆ ಬೇಡ. ಒದ್ದೆ ಮರಳಿನ ಮೇಲೆ ಒಂದು ಮಡಕೆ ಇಟ್ಟು, ಅದರೊಳಗೆ ಬಟ್ಟೆ ಹಾಸಿ, ಚೂಪು ಭಾಗ ಕೆಳಗೆ ಮಾಡಿ ಮೊಟ್ಟೆ ಇಡಿ. ಫ್ರಿಜ್ಜಲ್ಲಿ ಬೇಡ. ಹಿಕ್ಕೆ ಅಂಟಿದ್ದರೆ ಒಣ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ತೊಳೆಯಬೇಡಿ. ಚಿಪ್ಪಿನ ಮೇಲೆ ಒಂದು ತೆಳು ಲೇಪ ಇರುತ್ತೆ, ತೊಳೆದರೆ ಅದು ಹೋಗಿ ಕೊಳೆ ಒಳಗೆ ಇಳಿಯುತ್ತೆ.

ಪೂರ್ತಿ ಬೆಳೆದು ಸತ್ತ ಮೂರರ ಬಗ್ಗೆ ನೀವೇ ಬರೆದಿದ್ದೀರಿ, ಪೊರೆ ಹಪ್ಪಳದ ಹಾಗೆ ಒಣಗಿತ್ತು ಅಂತ. ಶೀಟ್ ಕೆಳಗೆ, ಪ್ಲಾಸ್ಟಿಕ್ಕಲ್ಲಿ, ಏಪ್ರಿಲ್ ಗಾಳಿಗೆ ತೇವ ಎಲ್ಲಿಂದ ಬರಬೇಕು? ಕೊನೆಯ ಮೂರು ದಿನ ಮರಿಗೆ ತೇವ ಜಾಸ್ತಿ ಬೇಕು. ಇಲ್ಲದಿದ್ದರೆ ಪೊರೆ ಗಟ್ಟಿಯಾಗಿ ಮರಿ ತಿರುಗಿ ಚಿಪ್ಪು ಒಡೆಯೋಕೆ ಆಗಲ್ಲ. ಅಕ್ಕ ಹೇಳಿದ ಮಣ್ಣಿನ ತಳ ಅದಕ್ಕೇ ಬೇಕು. 18ನೇ ದಿನದಿಂದ ಗೂಡಿನ ಸುತ್ತ ನೆಲಕ್ಕೆ, ಮಂಕರಿಯ ಹೊರಗೆ ನೀರು ಚಿಮುಕಿಸಿ. ಮೊಟ್ಟೆ ಮೇಲೆ ಸುರಿಯಬೇಡಿ. ಮರಿ ಕುಟ್ಟೋಕೆ ಶುರು ಮಾಡಿದ ಮೇಲೆ ಪದೇ ಪದೇ ಹೇಂಟೆಯನ್ನ ಎತ್ತಿ ನೋಡಬೇಡಿ, ಎತ್ತಿದಾಗೆಲ್ಲ ಬಿಸಿಯೂ ತೇವವೂ ಹೋಗುತ್ತೆ. ಮಕ್ಕಳಿಗೆ ಇದು ಕಷ್ಟ, ಆದರೂ ಹೇಳಿ.

7ನೇ ದಿನ ರಾತ್ರಿ ಕತ್ತಲಲ್ಲಿ ಮೊಟ್ಟೆಯ ಅಗಲ ಭಾಗಕ್ಕೆ ಟಾರ್ಚ್ ಒತ್ತಿ ಹಿಡಿದು ನೋಡೋದು ಕಲಿಯಿರಿ. ಜೇಡನ ಹಾಗೆ ಕೆಂಪು ನರ ಹರಡಿದ್ದರೆ ಜೀವ ಇದೆ. ಬೆಳಕು ಸ್ವಚ್ಛವಾಗಿ ಹಾದು ಹೋದರೆ ಗೊಡ್ಡು, ತೆಗೆದುಬಿಡಿ.

ಇರೋ ನಾಲ್ಕು ಮರಿಗೆ 7ನೇ ದಿನ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ, ಲಸೋಟಾ ಅಂತ ಹೆಸರು, ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸಿ. ನಾಟಿ ಕೋಳಿಗೆ ರೋಗ ಬರಲ್ಲ ಅನ್ನೋ ಮಾತು ನಂಬಬೇಡಿ. ಕುತ್ತಿಗೆ ತಿರುಚಿ, ಹಸಿರು ಹಿಕ್ಕೆ ಹಾಕಿ, ಒಂದು ವಾರದಲ್ಲಿ ಒಂದು ಕೇರಿಯ ಕೋಳಿಗಳೆಲ್ಲ ಹೋಗಿದ್ದನ್ನ ಕಣ್ಣಾರೆ ಕಂಡಿದ್ದೀನಿ. 8ನೇ ವಾರಕ್ಕೆ ಅದೇ ರೋಗದ ಇನ್ನೊಂದು ಲಸಿಕೆ, ಆರ್2ಬಿ ಚುಚ್ಚುಮದ್ದು ಮರೆಯಬೇಡಿ.

---

ರಾಗಿಹೊಲ

ಗೆದ್ದಲು ಹೇಳೋಕೆ ಮರೆತಿದ್ದೆ. ಮಡಕೆಗೆ ಒಣ ಸಗಣಿ, ಹುಲ್ಲು ತುಂಬಿ ಸ್ವಲ್ಪ ನೀರು ಚಿಮುಕಿಸಿ ಹುತ್ತದ ಹತ್ತಿರ ಬೋರಲು ಹಾಕಿ. ಬೆಳಗ್ಗೆ ಎತ್ತಿದರೆ ತುಂಬ ಗೆದ್ದಲು. ಮರಿಗಳು ಅದನ್ನ ತಿಂದು ಬೆಳೆಯೋ ಹಾಗೆ ನುಚ್ಚು ತಿಂದು ಬೆಳೆಯಲ್ಲ.

---

ತೆಂಗಿನನೆರಳು

ತುಂಬಾ ದಿನ ಆದಮೇಲೆ ಬರೆಯುತ್ತಿದ್ದೀನಿ, ಎಲ್ಲರಿಗೂ ಧನ್ಯವಾದ. ನಾಲ್ಕು ಮರಿಯಲ್ಲಿ ಒಂದನ್ನ ಹದ್ದು ಎತ್ತಿಕೊಂಡು ಹೋಯ್ತು, ಮೂರು ಚೆನ್ನಾಗಿವೆ. ಗೆದ್ದಲ ಮಡಕೆ ಈಗ ಮಕ್ಕಳ ಕೆಲಸ, ಎದ್ದ ಕೂಡಲೇ ಅಲ್ಲಿಗೇ ಓಡ್ತಾರೆ. ಲಸಿಕೆ 7ನೇ ದಿನವೇ ಹಾಕಿಸಿದೆ. ಸೀಸೆಯಲ್ಲಿ 100 ಡೋಸ್ ಇತ್ತು, ಕಲಸಿದ ಮೇಲೆ ಇಡೋ ಹಾಗಿಲ್ಲ ಅಂದರು. ಅದಕ್ಕೆ ಪಕ್ಕದ ಎರಡು ಮನೆಯವರಿಗೆ ಮೊದಲೇ ಹೇಳಿದ್ದೆ. ಐಸ್ ತುಂಬಿದ ಫ್ಲಾಸ್ಕಲ್ಲಿ ತಂದು ಅವರ ಮರಿಗಳಿಗೂ ಅದೇ ಗಳಿಗೆಯಲ್ಲಿ ಹಾಕಿಸಿದೆವು.

ಮಾವನ ಊರಿಂದ ಒಂದು ಕೆಂಪು ಹುಂಜ ತಂದೆ. ಹತ್ತು ದಿನ ಕಾದೆ. ಮೊದಲ ಮಳೆಗಳು ಬಿದ್ದು ತಂಪಾದ ಮೇಲೆ ಕರಿ ಹೇಂಟೆ ಕಾವಿಗೆ ಬಂತು. ಈ ಸಲ ನಾಲ್ಕು ದಿನದೊಳಗಿನ 9 ಮೊಟ್ಟೆ, ಎಲ್ಲದಕ್ಕೂ ಪೆನ್ಸಿಲ್ ಗೆರೆ, ಮಂಕರಿ, ಮಣ್ಣು, ರಾಗಿ ಹುಲ್ಲು, ಬೇವಿನ ಸೊಪ್ಪು. ಅಮ್ಮ ಒಂದು ಮೊಳೆಯನ್ನೂ ಇಟ್ಟಿದ್ದಾರೆ. ಗೂಡು ಈಗ ಕಾಯಿ ರೂಮಿನ ಮೂಲೆಯಲ್ಲಿ, ಬೇರೆ ಕೋಳಿ ಬರೋ ಹಾಗಿಲ್ಲ.

ನಿನ್ನೆಗೆ 7 ದಿನ. ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದೆವು. ಒಂದು ಗೊಡ್ಡು, ತೆಗೆದೆ. ಉಳಿದ ಎಂಟರಲ್ಲೂ ಕೆಂಪು ನರ. ಒಂದರಲ್ಲಿ ನಡುವೆ ಸಣ್ಣ ಕಪ್ಪು ಚುಕ್ಕಿ ಅಲ್ಲಾಡಿದ್ದು ಕಂಡಿತು, ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇನ್ನು ಟಾರ್ಚ್ ಮತ್ತೆ ಯಾವಾಗ ಹಿಡಿಯಲಿ? ದಿನಾ ನೋಡೋಣ ಅಂತ ಮಕ್ಕಳದ್ದು ಒಂದೇ ಹಠ.

---

ಹಸು ಕುರಿ ಕೋಳಿ

ದಿನಾ ಬೇಡ. 14ನೇ ದಿನ ರಾತ್ರಿ ಒಂದು ಸಲ, ಅಷ್ಟೇ. ಆಗ ಮುಕ್ಕಾಲು ಭಾಗ ಕಪ್ಪಾಗಿ ಕಾಣಬೇಕು, ಅಗಲ ಭಾಗದಲ್ಲಿ ಮಾತ್ರ ಗಾಳಿಯ ಜಾಗ ಬೆಳ್ಳಗೆ. 18 ದಾಟಿದ ಮೇಲೆ ಕೈ ಹಾಕಬೇಡಿ. ಕಿವಿ ಇಟ್ಟು ಕೇಳೋದಾದರೆ ಹೇಂಟೆ ತಾನಾಗಿ ಎದ್ದಾಗ ಕೇಳಲಿ.