ಮರಿ ಹುಟ್ಟುವ ವಸಂತ, ಬೆಳಗಿನ ಎಂಟು ಗಂಟೆಯ ಕೆಲಸ: ಕೆಲವರ ಅನುಭವಗಳು

ಪ್ರಶ್ನೆ

ಕಳೆದ ಆಗಸ್ಟ್‌ನಲ್ಲಿ ನಾವು ಅಮೆರಿಕದ ಕೆಂಟಕಿಯ ಲೆಕ್ಸಿಂಗ್ಟನ್ ಸಮೀಪ ಹನ್ನೆರಡು ಎಕರೆಯ ಸಣ್ಣ ಕುದುರೆ ಫಾರಂ ಕೊಂಡೆವು. ಥರೋಬ್ರೆಡ್ ಎಂಬ ರೇಸ್ ತಳಿಯ ನಾಲ್ಕು ಕುದುರೆಗಳಿದ್ದು, ಅವುಗಳಲ್ಲಿ ಎರಡು ಗಬ್ಬವಾಗಿವೆ. ಒಂದನ್ನು ಏಪ್ರಿಲ್ 15ರಂದು, ಇನ್ನೊಂದನ್ನು ಮೇ 8ರಂದು ಕೂಡಿಸಲಾಗಿತ್ತು ಎಂದು ಮಾರಿದವರು ಬರೆದುಕೊಟ್ಟಿದ್ದಾರೆ. ನಾನು ವಿಮಾ ಸಂಸ್ಥೆಯೊಂದರಲ್ಲಿ ಸಾಫ್ಟ್‌ವೇರ್ ತಂಡವೊಂದರ ಹೊಣೆ ಹೊತ್ತಿದ್ದೇನೆ. ಮಾರ್ಚ್ ಕೊನೆಯ ಎರಡು ವಾರ ನಮಗೆ ಅತ್ಯಂತ ಒತ್ತಡದ ಕಾಲ. ಪತಿ ವಾರದಲ್ಲಿ ಮೂರು ದಿನ ಊರಿನಲ್ಲಿರುವುದಿಲ್ಲ. ಈಗ ಜನವರಿ, ಇದು ನಮ್ಮ ಮೊದಲ ವಸಂತ. ಕೆಲಸ ಬಿಡುವ ಮನಸ್ಸಿಲ್ಲ, ಕುದುರೆಗಳನ್ನು ಮಾರುವ ಮನಸ್ಸೂ ಇಲ್ಲ. ಎರಡನ್ನೂ ನಿಭಾಯಿಸಿದವರು ದಯವಿಟ್ಟು ತಮ್ಮ ಅನುಭವ ಹೇಳಬೇಕು.

ಕೆಂಟಕಿಯ ವುಡ್‌ಫರ್ಡ್ ಕೌಂಟಿಯಿಂದ, ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿರುವವರು

ನಮ್ಮ ಮನೆಯಲ್ಲಿ ಇದು ಹನ್ನೊಂದನೆಯ ವಸಂತ. ಮೊದಲ ಎರಡು ವರ್ಷ ನಾನು ಪ್ರತಿದಿನವನ್ನೂ ಎರಡು ಪಾಲು ಮಾಡಿ, ಇಷ್ಟು ಗಂಟೆ ಆಸ್ಪತ್ರೆಗೆ, ಇಷ್ಟು ಗಂಟೆ ಲಾಯಕ್ಕೆ ಎಂದು ತೂಗಿಸಲು ನೋಡಿದೆ. ಅದು ಆಗುವ ಮಾತಲ್ಲ ಎಂಬುದು ಮೂರನೆಯ ವಸಂತದಲ್ಲಿ ತಿಳಿಯಿತು, ಅದೂ ಒಂದು ಮರಿಯ ಜೀವಕ್ಕೆ ಬಂದ ಮೇಲೆ. ವಸಂತದ ಕೆಲಸವನ್ನು ದಿನದ ಲೆಕ್ಕದಲ್ಲಿ ಹಂಚಲು ಬರುವುದಿಲ್ಲ, ವರ್ಷದ ಲೆಕ್ಕದಲ್ಲಿ ಮಾತ್ರ ಹಂಚಬಹುದು. ಯಾವ ರಾತ್ರಿಗಳು ಕುದುರೆಯವು, ಯಾವ ಹಗಲುಗಳು ಕಚೇರಿಯವು, ಯಾವ ಕೆಲಸವನ್ನು ಹಣ ಕೊಟ್ಟು ಬೇರೆಯವರಿಂದ ಮಾಡಿಸುವುದು ಎಂಬುದನ್ನು ಚಳಿಗಾಲದಲ್ಲೇ ತೀರ್ಮಾನಿಸಿ ಬರೆದಿಟ್ಟುಕೊಳ್ಳಬೇಕು. ಮಾರ್ಚ್‌ನಲ್ಲಿ ತೀರ್ಮಾನಿಸೋಣ ಎಂದರೆ, ಆಗ ತೀರ್ಮಾನ ಮಾಡುವಷ್ಟು ನಿದ್ದೆಯೂ ನಿಮಗೆ ಸಿಕ್ಕಿರುವುದಿಲ್ಲ.

ಕುದುರೆಯ ಗಬ್ಬದ ಅವಧಿ ಸರಾಸರಿ 340 ದಿನ. ಆ ಲೆಕ್ಕದಲ್ಲಿ ನಿಮ್ಮ ಮೊದಲನೆಯದು ಮಾರ್ಚ್ 21ರ ಸುಮಾರಿಗೆ, ಎರಡನೆಯದು ಏಪ್ರಿಲ್ 13ರ ಸುಮಾರಿಗೆ ಈಯಬೇಕು. ಆದರೆ 320ನೇ ದಿನಕ್ಕೆ ಆರೋಗ್ಯವಂತ ಮರಿ ಹಾಕಿದ ಕುದುರೆಗಳೂ ಇವೆ, 360 ದಾಟಿದವೂ ಇವೆ. ಆದ್ದರಿಂದ ಗೋಡೆಯ ಕ್ಯಾಲೆಂಡರ್‌ನಲ್ಲಿ ಒಂದು ದಿನವನ್ನು ಗುರುತು ಮಾಡಬೇಡಿ. ಎರಡೂ ಕುದುರೆಗಳಿಗೆ ಆರಾರು ವಾರದ ಪಟ್ಟಿಯನ್ನು ಬಣ್ಣ ಹಚ್ಚಿಡಿ. ಆ ಎರಡು ಪಟ್ಟಿಗಳು ಎಲ್ಲಿ ಒಂದರ ಮೇಲೊಂದು ಬೀಳುತ್ತವೆಯೋ ಅಲ್ಲಿ ಕಚೇರಿಯ ಯಾವ ಹೊಸ ಹೊಣೆಯನ್ನೂ ಒಪ್ಪಿಕೊಳ್ಳಬೇಡಿ.

ಆ ಮೂರನೆಯ ವಸಂತದ ವಿಷಯವನ್ನು ವಿವರವಾಗಿಯೇ ಹೇಳುತ್ತೇನೆ. ಕುದುರೆಯ ಕೆಚ್ಚಲು ಎರಡು ವಾರದಿಂದ ತುಂಬುತ್ತಿತ್ತು. ಪ್ರತಿ ಸಂಜೆ ನಾನು ಎರಡು ಹನಿ ಹಾಲು ಹಿಂಡಿ ಪರೀಕ್ಷಾ ಪಟ್ಟಿಯ ಮೇಲೆ ಹಾಕಿ ಕ್ಯಾಲ್ಸಿಯಂ ನೋಡುತ್ತಿದ್ದೆ, ಏಕೆಂದರೆ ಈಯುವ ಸಮಯ ಹತ್ತಿರವಾದಂತೆ ಹಾಲಿನಲ್ಲಿ ಕ್ಯಾಲ್ಸಿಯಂ ಏರುತ್ತದೆ, ಆಮ್ಲೀಯತೆಯನ್ನು ತೋರಿಸುವ ಪಿಎಚ್ ಇಳಿಯುತ್ತದೆ. ಆ ದಿನ ಸಂಜೆ ಏನೂ ಏರಿರಲಿಲ್ಲ. ತೊಟ್ಟಿನ ತುದಿಯಲ್ಲಿ ಮೇಣದಂತಹ ಹನಿ ಸಣ್ಣಗೆ ಕಟ್ಟಿತ್ತು, ಆದರೆ ಮೇಣ ಕಟ್ಟಿದ ಮೇಲೂ ಒಂದೆರಡು ದಿನ ಹಿಡಿಯುವುದುಂಟು ಎಂದು ನಾನೇ ನನಗೆ ಹೇಳಿಕೊಂಡೆ. ಮರುದಿನ ಬೆಳಿಗ್ಗೆ ಏಳಕ್ಕೆ ಪಾಳಿ ಇತ್ತು. ಲಾಯದ ಕ್ಯಾಮೆರಾದ ಎಚ್ಚರಿಕೆ ನನ್ನ ಫೋನಿಗೇ ಬರುತ್ತಿತ್ತು, ಆ ಫೋನನ್ನು ನಿದ್ದೆಗಾಗಿ ಸದ್ದಿಲ್ಲದಂತೆ ಮಾಡಿ ಮಲಗಿದೆ. ಐದೂವರೆಗೆ ಲಾಯಕ್ಕೆ ಹೋದಾಗ ಮರಿ ಹುಟ್ಟಿ ಬಹಳ ಹೊತ್ತಾಗಿತ್ತು. ನಿಂತಿತ್ತು, ಮೈ ಒಣಗಿತ್ತು. ಆದರೆ ತಾಯಿಯ ಹಿಂಗಾಲಿನ ಸಂದಿಯಲ್ಲಿ ಮೂತಿ ತೂರಿಸುವ ಬದಲು ಗೋಡೆಯ ಹಲಗೆಯನ್ನು ನೆಕ್ಕುತ್ತಿತ್ತು. ಎಷ್ಟು ಗಿಣ್ಣು ಹಾಲು ಕುಡಿದಿದೆ, ಕುಡಿದಿದೆಯೋ ಇಲ್ಲವೋ ಎಂದು ಹೇಳುವವರು ಯಾರೂ ಇರಲಿಲ್ಲ. ಗಿಣ್ಣಿನಲ್ಲಿರುವ ರೋಗನಿರೋಧಕ ಶಕ್ತಿಯನ್ನು ಮರಿಯ ಕರುಳು ಮೊದಲ ಕೆಲವು ಗಂಟೆಗಳಲ್ಲಿ ಚೆನ್ನಾಗಿ ಹೀರಿಕೊಂಡು, 24 ಗಂಟೆಯೊಳಗೆ ಬಹುತೇಕ ಬಾಗಿಲು ಮುಚ್ಚಿಬಿಡುತ್ತದೆ. ಸಂಜೆಯ ರಕ್ತಪರೀಕ್ಷೆಯಲ್ಲಿ ಐಜಿಜಿ ಎಂಬ ರೋಗನಿರೋಧಕ ಪ್ರತಿಕಾಯದ ಪ್ರಮಾಣ 400 ಮಿಲಿಗ್ರಾಂಗಿಂತ ಕಡಿಮೆ ಬಂತು. ಡೆಸಿಲೀಟರಿಗೆ 800 ದಾಟಿರಬೇಕಿತ್ತು. ಪಶುವೈದ್ಯರು ರಕ್ತನಾಳದ ಮೂಲಕ ಪ್ಲಾಸ್ಮಾ ಕೊಟ್ಟು ಮರಿಯನ್ನು ಉಳಿಸಿದರು. ಅದು ಈಗ ದೊಡ್ಡ ಕುದುರೆಯಾಗಿದೆ. ಆದರೂ ಆ ಹಲಗೆ ನೆಕ್ಕುವ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ರಾತ್ರಿ ಕಾಯುವವರು ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋಗುವವರು ರಾತ್ರಿ ಕಾಯುವುದಿಲ್ಲ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ನಾನು ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಳ್ಳುತ್ತೇನೆ, ಅದಕ್ಕೆ ಬದಲಾಗಿ ಡಿಸೆಂಬರ್ ರಜಾದಿನಗಳಲ್ಲಿ ಸಹೋದ್ಯೋಗಿಗಳ ಪಾಳಿಯನ್ನು ತೆಗೆದುಕೊಳ್ಳುತ್ತೇನೆ. ನನ್ನ ಕೈಯಲ್ಲಿ ಔಷಧದ ಪ್ರಮಾಣವಿರುತ್ತದೆ. ನಿದ್ದೆಗೆಟ್ಟ ಕಣ್ಣಿನಲ್ಲಿ ದಶಮಾಂಶದ ಚುಕ್ಕೆಯೊಂದು ಜಾರಿದರೆ ಅದರ ಬೆಲೆ ತೆರುವವರು ರೋಗಿಗಳು. ಸಾಫ್ಟ್‌ವೇರ್ ಕೆಲಸದಲ್ಲಿ ಅಷ್ಟು ಅಪಾಯವಿಲ್ಲ ಎಂದು ನೀವು ಅಂದುಕೊಳ್ಳಬಹುದು, ಆದರೆ ಮನೆಗೆ ಮರಳುವಾಗ ಸ್ಟಿಯರಿಂಗ್ ಹಿಡಿಯುವ ಕೈಯೂ ಅದೇ ನಿದ್ದೆಗೆಟ್ಟ ಕೈಯೇ ಆಗಿರುತ್ತದೆ.

ನೀವು ಮೊದಲ ಸಲ ಕಾಯುವವರಾದ್ದರಿಂದ ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ. ನೀರು ಒಡೆದ ಮೇಲೆ ಮರಿ ಹೊರಬರಲು ಸಾಮಾನ್ಯವಾಗಿ 20ರಿಂದ 30 ನಿಮಿಷ ಸಾಕು. ಮರಿ ಒಂದು ಗಂಟೆಯೊಳಗೆ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಬಿಳಿಯ ಪೊರೆಗೆ ಬದಲಾಗಿ ಕೆಂಪು ಮಖಮಲ್ಲಿನಂತಹ ಪೊರೆ ಮೊದಲು ಕಾಣಿಸಿದರೆ ವೈದ್ಯರಿಗಾಗಿ ಕಾಯಬಾರದು. ಮಾಸು ಮೊದಲೇ ಬೇರ್ಪಟ್ಟು ಮರಿಗೆ ಉಸಿರು ಸಿಗುತ್ತಿಲ್ಲ ಎಂದು ಅದರ ಅರ್ಥ. ಒಬ್ಬರು ಫೋನ್ ಮಾಡುತ್ತಿರುವಾಗಲೇ ಇನ್ನೊಬ್ಬರು ಪೊರೆಯನ್ನು ಕತ್ತರಿಸಿ ಮರಿಯನ್ನು ಹೊರಗೆಳೆಯಬೇಕು. ಪತಿ ಊರಿನಲ್ಲಿಲ್ಲದ ರಾತ್ರಿಗಳಲ್ಲಿ ಆ ಇನ್ನೊಬ್ಬರು ಯಾರು ಎಂಬ ಪ್ರಶ್ನೆಗೆ ನಿಮ್ಮ ಬಳಿ ಈಗಲೇ ಉತ್ತರವಿರಬೇಕು. ಇಲ್ಲಿಯ ದೊಡ್ಡ ಫಾರಂಗಳಲ್ಲಿ ಈ ಕಾಲದಲ್ಲಿ ರಾತ್ರಿ ಕಾಯುವುದೇ ಕೆಲಸವಾಗಿರುವ ಅನುಭವಿಗಳಿರುತ್ತಾರೆ. ನೆರೆಹೊರೆಯಲ್ಲಿ ವಿಚಾರಿಸಿದರೆ ಬಿಡುವಿನ ರಾತ್ರಿಗಳಿಗೆ ಸಿಗುವವರೂ ಉಂಟು.

ಈಗ ಜನವರಿಯಲ್ಲಿ ಮುಗಿಸಬಹುದಾದದ್ದು ಬಹಳಷ್ಟಿದೆ. ನಿಮ್ಮ ಹುಲ್ಲುಗಾವಲಿನಲ್ಲಿ ಟಾಲ್ ಫೆಸ್ಕ್ಯೂ ಹುಲ್ಲು ಎಷ್ಟಿದೆ ಎಂದು ತಿಳಿದವರಿಂದ ನೋಡಿಸಿ. ಆ ಹುಲ್ಲಿನೊಳಗೆ ಬೆಳೆಯುವ ಶಿಲೀಂಧ್ರದಿಂದ ಗಬ್ಬದ ಅವಧಿ ಮುಂದಕ್ಕೆ ಹೋಗುವುದು, ಕೆಚ್ಚಲಿಗೆ ಹಾಲಿಳಿಯದಿರುವುದು, ಮಾಸು ದಪ್ಪವಾಗುವುದು ಎಲ್ಲವೂ ಸಂಭವಿಸುತ್ತವೆ. ಈಯುವುದಕ್ಕೆ ಕನಿಷ್ಠ ಎರಡು ಮೂರು ತಿಂಗಳು ಮೊದಲು ಅದರಿಂದ ದೂರವಿಡಬೇಕು, ಅಂದರೆ ನಿಮ್ಮ ಮೊದಲ ಕುದುರೆಯ ಗಡುವು ಈ ತಿಂಗಳೇ. ಧನುರ್ವಾಯು, ವೆಸ್ಟ್ ನೈಲ್, ಮಿದುಳುಜ್ವರ, ರೇಬೀಸ್ ಲಸಿಕೆಗಳನ್ನು ಈಯುವ ನಾಲ್ಕರಿಂದ ಆರು ವಾರ ಮೊದಲು ಹಾಕಿಸಿದರೆ ಗಿಣ್ಣಿಗೂ ಆ ಬಲ ಇಳಿಯುತ್ತದೆ. ಬೇಲಿಯುದ್ದಕ್ಕೂ ಕಾಡು ಚೆರ್ರಿ ಮರಗಳಿದ್ದರೆ, ಎಲೆಯಿಲ್ಲದ ಈ ದಿನಗಳಲ್ಲಿ ಕಡ್ಡಿಗಳಿಗೆ ಸುತ್ತಿಕೊಂಡಿರುವ ಕಂಬಳಿಹುಳುವಿನ ಮೊಟ್ಟೆಯ ಗಂಟುಗಳನ್ನು ಒಂದು ಭಾನುವಾರ ಕತ್ತರಿಸಿ ಸುಟ್ಟುಬಿಡಿ. 2001ರ ವಸಂತದಲ್ಲಿ ಈ ಸೀಮೆಯಲ್ಲಿ ಸಾವಿರಾರು ಕುದುರೆಗಳ ಗಬ್ಬ ಹೋಯಿತು, ಹುಟ್ಟಿದ ಮರಿಗಳೂ ಸತ್ತವು. ಮೇವಿನೊಂದಿಗೆ ಹೊಟ್ಟೆ ಸೇರಿದ ಈ ಹುಳುಗಳೇ ಕಾರಣವೆಂದು ಆಮೇಲಿನ ಸಂಶೋಧನೆಯಿಂದ ತಿಳಿಯಿತು. ನಮ್ಮ ಪಕ್ಕದ ಫಾರಂನ ಹಿರಿಯರು ಆ ವರ್ಷದ ಮಾತು ಬಂದರೆ ಇಂದಿಗೂ ಮೌನವಾಗುತ್ತಾರೆ.

ಇನ್ನೊಂದು ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಈದ ಕುದುರೆ ವಾರ ಹತ್ತು ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ, ಕೂಡಿಸಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಥರೋಬ್ರೆಡ್ ನೋಂದಣಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಹಾಗಾಗಿ ತಾಯಿಯನ್ನು ವಾಹನದಲ್ಲಿ ಗಂಡುಕುದುರೆ ಇರುವಲ್ಲಿಗೇ ಕರೆದೊಯ್ಯಬೇಕು, ಅದೂ ಕಚೇರಿಯ ವೇಳೆಯಲ್ಲಿ, ಒಂದೇ ಸಲಕ್ಕೆ ಮುಗಿಯುತ್ತದೆಂಬ ಭರವಸೆಯೂ ಇಲ್ಲದೆ. ಮೊದಲ ವರ್ಷ ಅದನ್ನು ಬಿಟ್ಟುಬಿಡಿ.

ವರ್ಜೀನಿಯಾದಿಂದ, ಪ್ರೌಢಶಾಲೆಯ ಗಣಿತ ಶಿಕ್ಷಕರು

ನಮ್ಮಲ್ಲಿ ಮರಿಗಳಿಲ್ಲ, ಸವಾರಿಗೆ ಇಟ್ಟುಕೊಂಡ ಎರಡು ಕುದುರೆಗಳು ಮಾತ್ರ. ಮೇಲಿನವರು ಹೇಳಿದ್ದಕ್ಕೆ ಹೋಲಿಸಿದರೆ ನನ್ನದು ಸಣ್ಣ ಹೊರೆ. ಆದರೆ ನಿಮ್ಮ ಉಳಿದ ಎರಡು ಕುದುರೆಗಳನ್ನು ಈ ಗಡಿಬಿಡಿಯಲ್ಲಿ ಯಾರೂ ನೋಡದೆ ಹೋಗುವ ಸಾಧ್ಯತೆ ಇರುವುದರಿಂದ ಬರೆಯುತ್ತಿದ್ದೇನೆ. ವಸಂತದ ಹೊಸ ಹುಲ್ಲಿನಲ್ಲಿ ಸಕ್ಕರೆಯ ಅಂಶ ಬಹಳ. ಬಿಸಿಲು ಚೆನ್ನಾಗಿದ್ದು, ರಾತ್ರಿ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ, ಹಗಲು ತಯಾರಾದ ಸಕ್ಕರೆಯನ್ನು ಹುಲ್ಲು ಬೆಳವಣಿಗೆಗೆ ಬಳಸಲಾಗದೆ ಹಾಗೆಯೇ ಉಳಿಸಿಕೊಳ್ಳುತ್ತದೆ. ಸಾಮಾನ್ಯ ದಿನಗಳಲ್ಲಿ ನಸುಕಿನ ಮೇವು ಕ್ಷೇಮ, ಆದರೆ ಇಬ್ಬನಿ ಹೆಪ್ಪುಗಟ್ಟಿದ ಮರುಬೆಳಿಗ್ಗೆ ಅದೇ ಮೇವು ಅಪಾಯ. ಶಾಲೆಗೆ ಹೊರಡುವ ಅವಸರದಲ್ಲಿ ನಾನು ಅಂತಹ ಒಂದು ಬೆಳಿಗ್ಗೆ ಎರಡನ್ನೂ ಗಾವಲಿಗೆ ಬಿಟ್ಟು ಹೋದೆ. ಇದು ಒಂದೇ ದಿನದ ತಪ್ಪಾಗಿರಲಿಲ್ಲ, ವಾರವಿಡೀ ಹಾಗೆಯೇ ಮಾಡಿದ್ದೆ. ಆ ಶುಕ್ರವಾರ ಸಂಜೆ ದೊಡ್ಡದು ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತಿತ್ತು. ಗೊರಸು ಮುಟ್ಟಿದರೆ ಬಿಸಿ. ಲ್ಯಾಮಿನೈಟಿಸ್, ಅಂದರೆ ಗೊರಸಿನ ಒಳಪದರದ ಉರಿಯೂತ. ಚೇತರಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು.

ಅಂದಿನಿಂದ ಪ್ರತಿ ಮಾರ್ಚ್‌ನಲ್ಲಿ ದಿನಕ್ಕೆ ಹದಿನೈದು ನಿಮಿಷದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇನೆ, ಉಳಿದ ಹೊತ್ತು ಒಣಹುಲ್ಲು. ಹದಿನೈದು ನಿಮಿಷ ಬಿಟ್ಟು ಮತ್ತೆ ಹಿಡಿದು ಕಟ್ಟುವುದು ಕೆಲಸಕ್ಕೆ ಹೋಗುವವರಿಗೆ ಕಷ್ಟವೆಂಬುದು ನಿಜ. ಅದಕ್ಕಾಗಿ, ಒಮ್ಮೆಗೆ ಸ್ವಲ್ಪವೇ ಹುಲ್ಲು ಬಾಯಿಗೆ ಸಿಗುವಂತೆ ಮೂತಿಗೆ ಮೇವಿನ ಮುಸುಕು ಹಾಕುತ್ತೇನೆ. ಮಾರ್ಚ್ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಅಂದಿನಿಂದ ಬೆಳಗಿನ ಕೆಲಸ ಮತ್ತೆ ಕತ್ತಲಲ್ಲಿ, ಆದರೆ ಸಂಜೆ ಒಂದು ಗಂಟೆ ಬೆಳಕು ಹೆಚ್ಚು ಸಿಗುತ್ತದೆ. ಕೆಸರಿನ ಗೇಟಿಗೆ ಜಲ್ಲಿ ಹಾಕುವುದು, ಉದುರುವ ಕೂದಲು ಕೆರೆಯುವುದು, ಲಾಳ ಕಟ್ಟುವವರನ್ನು ಕರೆಸುವುದು ಎಲ್ಲವನ್ನೂ ಆ ಸಂಜೆಗಳಿಗೆ ಇಟ್ಟುಕೊಳ್ಳಿ.

ಕುಣಿಗಲ್‌ನಿಂದ, ನಿವೃತ್ತ ಬ್ಯಾಂಕ್ ಅಧಿಕಾರಿ

ನೋಡಮ್ಮ, ನನ್ನ ತಂದೆ ಇಲ್ಲಿಯ ಕುದುರೆ ಫಾರಂನಲ್ಲಿ ಲಾಯ ನೋಡಿಕೊಳ್ಳುವವರಾಗಿದ್ದರು. ನಮ್ಮಲ್ಲೂ ಕುದುರೆಯ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ, ಮರಿಗಳು ವರ್ಷದ ಮೊದಲ ತಿಂಗಳುಗಳಲ್ಲೇ ಹುಟ್ಟುವಂತೆ ನೋಡಿಕೊಳ್ಳುತ್ತಿದ್ದರು. ಶಿವರಾತ್ರಿಯ ಸುಮಾರಿಗೆ ತಂದೆಯವರು ವಾರಗಟ್ಟಲೆ ರಾತ್ರಿ ಮನೆಯಲ್ಲಿರುತ್ತಿರಲಿಲ್ಲ. ಹಗಲು ನಡುಮನೆಯಲ್ಲಿ ಮಲಗಿದ್ದರೆ ಅಮ್ಮ ನಮ್ಮನ್ನು ಸದ್ದು ಮಾಡಲು ಬಿಡುತ್ತಿರಲಿಲ್ಲ. ರಾತ್ರಿಯವರಿಗೆ ಹಗಲಿನ ಕೆಲಸ ಹೇಳುವ ಪದ್ಧತಿಯೇ ಇರಲಿಲ್ಲ ಎಂದು ಅವರು ಹೇಳುತ್ತಿದ್ದರು. ಮೇಲೆ ಬರೆದ ತಾಯಿ ಕಟ್ಟಳೆ ಮಾಡಿಕೊಂಡಿರುವುದೂ ಅದನ್ನೇ. ಕೆಚ್ಚಲನ್ನು ದಿನವೂ ಅದೇ ಹೊತ್ತಿಗೆ, ಅದೇ ಕೈಯಿಂದ ಮುಟ್ಟಿ ನೋಡಿ. ಸಂಜೆಗೊಬ್ಬರು ಬೆಳಿಗ್ಗೆಗೊಬ್ಬರು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ತಂದೆಯವರ ಮಾತು.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮಾರ್ಚ್ 21 ನನ್ನ ಕಚೇರಿಯ ಒತ್ತಡದ ಎರಡು ವಾರಗಳೊಳಗೇ ಬೀಳುತ್ತದೆ. ಅಮೆರಿಕದ 1993ರ ಕುಟುಂಬ ಮತ್ತು ವೈದ್ಯಕೀಯ ರಜೆಯ ಕಾನೂನು ಪ್ರಾಣಿಗಳಿಗೆ ಅನ್ವಯಿಸುವುದಿಲ್ಲ. ಮ್ಯಾನೇಜರ್ ಬಳಿ ಏನೆಂದು ಹೇಳಲಿ? ಎರಡು ಕುದುರೆಗಳನ್ನೂ ಮನೆಯಲ್ಲೇ ಈಯಿಸುವ ಆಸೆಯನ್ನು ಬಿಡಬೇಕೇ?

ಫಾರ್ಮಸಿಸ್ಟ್ ಅವರ ಉತ್ತರ

ಒಂದನ್ನು ಬಿಡಿ, ಇನ್ನೊಂದನ್ನು ಇಟ್ಟುಕೊಳ್ಳಿ. ಮೊದಲನೆಯದನ್ನು ಈಯಿಸಿಕೊಡುವ ಫಾರಂಗೆ ಕಳುಹಿಸಿ. ಕೊನೆಯ ವಾರದಲ್ಲಿ ಕಳುಹಿಸುವುದು ತಪ್ಪು. ಕನಿಷ್ಠ ನಾಲ್ಕು ವಾರ ಮೊದಲೇ ಹೋದರೆ, ಆ ಜಾಗದ ರೋಗಾಣುಗಳಿಗೆ ತಾಯಿಯ ಮೈ ಒಗ್ಗಿ, ಅದಕ್ಕೆ ತಕ್ಕ ನಿರೋಧಕ ಶಕ್ತಿ ಗಿಣ್ಣಿನಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ಫೆಬ್ರವರಿ ಮಧ್ಯಕ್ಕೆ ಅದು ಅಲ್ಲಿರಬೇಕು. ನಿಮ್ಮ ಕಚೇರಿಯ ಒತ್ತಡ ಮುಗಿದ ಮೇಲೆ ಬರುವ ಏಪ್ರಿಲ್ ಕುದುರೆಯನ್ನು ಮನೆಯಲ್ಲೇ ಈಯಿಸಿ. ಮೊದಲ ಮರಿ ಹುಟ್ಟುವಾಗ ಅಲ್ಲಿಯವರು ಒಪ್ಪಿದರೆ ಒಂದು ರಾತ್ರಿ ಹೋಗಿ ಜೊತೆಗೆ ನಿಂತು ನೋಡಿ ಕಲಿಯಿರಿ.

ಮ್ಯಾನೇಜರ್‌ಗೆ ಕುದುರೆಯ ಕಥೆಯನ್ನೆಲ್ಲ ಹೇಳಬೇಕಾಗಿಲ್ಲ, ಮುಚ್ಚಿಡುವುದಂತೂ ಬೇಡವೇ ಬೇಡ. ಏಪ್ರಿಲ್ ಮೊದಲ ವಾರದಿಂದ ತಿಂಗಳ ಕೊನೆಯವರೆಗೆ ಬೆಳಗಿನ ಹತ್ತರ ಮೊದಲು ನನಗೆ ಸಭೆ ಬೇಡ, ಒಂದು ದಿನ ಮುನ್ಸೂಚನೆಯಿಲ್ಲದೆ ರಜೆ ಹಾಕಬೇಕಾದೀತು, ಆ ದಿನ ನನ್ನ ಬದಲಿಗೆ ತಂಡ ನೋಡಿಕೊಳ್ಳುವವರು ಇವರು ಎಂದು ಹೆಸರು ಸಹಿತ ಬರೆದುಕೊಡಿ. ಮಾರ್ಚ್‌ನ ಒತ್ತಡದಲ್ಲಿ ನೀವು ಪೂರ್ತಿಯಾಗಿ ಅವರ ಜೊತೆಗಿದ್ದರೆ ಏಪ್ರಿಲ್‌ನ ಈ ಕೋರಿಕೆ ಅವರಿಗೆ ಭಾರವೆನಿಸದು. ನನ್ನ ಮೇಲಧಿಕಾರಿಗೆ ನಾನು ಇದನ್ನು ಮೊದಲು ಹೇಳಿದ್ದು ಒಂದು ಫೆಬ್ರವರಿಯಲ್ಲಿ. ಅವರು ಕೇಳಿದ ಒಂದೇ ಪ್ರಶ್ನೆ, ಬದಲಿ ಯಾರು ಎಂಬುದು.

ಈಯಿಸಿಕೊಡುವ ಫಾರಂಗಳಲ್ಲಿ ಜಾಗ ಬೇಗ ತುಂಬುತ್ತದೆ. ನಾಳೆ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ನಿಮ್ಮ ಪಶುವೈದ್ಯರಿಗೆ ಫೋನ್ ಮಾಡಿ ಯಾವುದಕ್ಕೆ ಕಳುಹಿಸಬಹುದೆಂದು ಕೇಳಿ. ಲಸಿಕೆಯ ದಾಖಲೆ, ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆಯನ್ನು ಪತ್ತೆಮಾಡುವ ಕಾಗಿನ್ಸ್ ರಕ್ತಪರೀಕ್ಷೆಯ ವರದಿ, ಕೂಡಿಸಿದ ದಿನಾಂಕದ ಚೀಟಿ, ಈ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಟ್ರೇಲರ್ ಎಳೆಯುವ ಗಾಡಿಯಲ್ಲಿ ಇಟ್ಟುಬಿಡಿ.