ಬೇಗ ಹೆಣೆಯಬೇಕು, ಕೈಯೂ ಉಳಿಯಬೇಕು: ಫಿಸಿಯೋ ಜೊತೆ ಪ್ರಶ್ನೋತ್ತರ

ಫಿಸಿಯೋ: ಎಲ್ಲರಿಗೂ ನಮಸ್ಕಾರ. ಈ ಕೈಹೆಣಿಗೆ ಗುಂಪಿನ ಅಡ್ಮಿನ್ ಕರೆದರು, ಬಂದಿದ್ದೇನೆ. ಕೈ ಮತ್ತು ಮಣಿಕಟ್ಟಿನ ತೊಂದರೆ ನೋಡುವ ಫಿಸಿಯೋಥೆರಪಿಸ್ಟ್ ನಾನು. ಚಿಕ್ಕಂದಿನಿಂದ ಉಲ್ಲನ್ ಕಡ್ಡಿ ಹಿಡಿದವಳು ಕೂಡ. ಬೇಗ ಹೆಣೆಯುವುದು ಹೇಗೆ ಎಂದು ಇಲ್ಲಿ ತುಂಬಾ ಜನ ಕೇಳುತ್ತಿದ್ದೀರಂತೆ. ಎರಡು ಗಂಟೆ ಇರುತ್ತೇನೆ, ಕೇಳಿ.

ಹೊಸ ಕಡ್ಡಿ: ಕಲಿತು ಮೂರು ತಿಂಗಳಾಯಿತು. 60 ಹೊಲಿಗೆಯ ಒಂದು ಸಾಲಿಗೆ 5 ನಿಮಿಷ ಬೇಕು. ನಮ್ಮಕ್ಕ 2 ನಿಮಿಷದಲ್ಲಿ ಮುಗಿಸುತ್ತಾಳೆ. ನಾನೆಲ್ಲಿ ತಪ್ಪುತ್ತಿದ್ದೇನೆ?

ಫಿಸಿಯೋ: ಫೋನನ್ನು ಎದುರಿಗಿಟ್ಟು ಒಂದು ಸಾಲು ವಿಡಿಯೋ ಮಾಡಿ ನೋಡಿ. ನೂಲು ಸುತ್ತುವಾಗ ಬಲಗೈ ಪ್ರತಿ ಸಲ ಕಡ್ಡಿ ಬಿಟ್ಟು ಎದ್ದು ಬರುತ್ತಿದೆಯಾ? ಹೊಸಬರಲ್ಲಿ ಹೆಚ್ಚಿನವರದು ಹಾಗೇ ಇರುತ್ತದೆ. ನೂಲನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ತೋರುಬೆರಳ ಮೇಲೆ ತಂದುಕೊಳ್ಳಿ. ಆ ಬೆರಳ ತುದಿ ಮಾತ್ರ ಆಡಲಿ, ಕೈ ಅಲ್ಲೇ ಇರಲಿ. ಹೊಲಿಗೆಗಳು ಎಡಗಡ್ಡಿಯ ಮೊನೆಯ ಹತ್ತಿರವೇ ಇರಲಿ. ಒಂದೊಂದನ್ನೇ ಎಳೆದು ತರಬೇಡಿ, ಐದಾರನ್ನು ಒಟ್ಟಿಗೆ ಮುಂದೆ ತಳ್ಳಿ. ಲೆಕ್ಕ ನೋಡಿ: 60 ಹೊಲಿಗೆ, 80 ಸಾಲು ಅಂದರೆ 4,800 ಹೊಲಿಗೆ. ಒಂದೊಂದರಲ್ಲಿ ಅರ್ಧ ಸೆಕೆಂಡ್ ಉಳಿದರೂ 40 ನಿಮಿಷ ಉಳಿಯಿತು. ಕೈ ಓಡಿಸಿದರೆ ಅಷ್ಟು ಸಿಗುವುದಿಲ್ಲ. ಕೈ ಓಡಾಡುವ ದೂರ ಕಡಿಮೆಯಾದರೆ ಸಿಗುತ್ತದೆ.

ಚಳಿಗಾಲದ ಚಿಕ್ಕಮಗಳೂರು: ಯಾವ ಕಡ್ಡಿ ಬೇಗ ಓಡುತ್ತದೆ ಮೇಡಂ?

ಫಿಸಿಯೋ: ಲೋಹದ್ದು, ಮೊನೆ ಚೂಪಾಗಿರುವುದು. ನೂಲು ಜಾರಿ ಹೊಲಿಗೆ ಬೀಳುತ್ತಿದ್ದರೆ ಸ್ವಲ್ಪ ದಿನ ಬಿದಿರಿನದು. ದೊಡ್ಡ ಸ್ವೆಟರ್ ಆದರೆ ವಯರ್ ಇರುವ ಸರ್ಕ್ಯುಲರ್ ಕಡ್ಡಿ ತಗೊಳ್ಳಿ. ಸ್ವೆಟರಿನ ಭಾರ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟಿಗೆ ಬೀಳುವುದಿಲ್ಲ.

ಕುಲಾವಿ ಅಮ್ಮ: ನನಗೆ 51. ಬಾಣಂತಿ ಮನೆಗಳಿಗೆ ಕುಲಾವಿ, ಕಾಲುಚೀಲ, ಸ್ವೆಟರ್ ಸೆಟ್ ಹೆಣೆದುಕೊಡುತ್ತೇನೆ. ತಿಂಗಳ ಕೊನೆಯೊಳಗೆ 12 ಸೆಟ್ ಕೊಡಬೇಕು, 5 ಆಗಿದೆ. ಮೊದಲು ದಿನಕ್ಕೊಂದು ಕುಲಾವಿ ಸಲೀಸಾಗಿ ಮುಗಿಯುತ್ತಿತ್ತು, ಈಗ ಆಗುತ್ತಿಲ್ಲ. ಬೆರಳು ಜುಮ್ ಅಂತ ಇರುತ್ತವೆ, ಅದು ವಯಸ್ಸಿಗೆ ಸಹಜ ಬಿಡಿ. ಬೇಗ ಮುಗಿಸಲು ಉಪಾಯ ಹೇಳಿ.

ಫಿಸಿಯೋ: ಉಪಾಯ ಆಮೇಲೆ. ಯಾವ ಬೆರಳು ಜುಮ್ ಅನ್ನುತ್ತವೆ? ಕಿರುಬೆರಳೂ ಸೇರಿದೆಯಾ? ರಾತ್ರಿ ಎಚ್ಚರ ಆಗುತ್ತದಾ?

ಎಡಗೈ ನೂಲು, ಮ್ಯೂನಿಕ್: ಬೇಗ ಬೇಕು ಅನ್ನುವವರು ನೂಲನ್ನು ಎಡಗೈಗೆ ಬದಲಾಯಿಸಿ. ಇಲ್ಲಿ ಜರ್ಮನಿಯಲ್ಲಿ ಎಲ್ಲರೂ ಹಾಗೇ. ಬಲಗೈಯಲ್ಲಿ ನೂಲು ಸುತ್ತುವುದು ಸುಮ್ನೆ ಸಮಯ ಹಾಳು.

ಕಾನ್ವೆಂಟ್ ಕೈ, ಮಂಗಳೂರು: ಹಾಗೆಲ್ಲ ಹೇಳಬೇಡಿ. ನಮಗೆ ಸಿಸ್ಟರ್‌ಗಳು ಬಲಗೈಯಲ್ಲೇ ಕಲಿಸಿದ್ದು. 40 ವರ್ಷದಿಂದ ಹೆಣೆಯುತ್ತಿದ್ದೇನೆ, ಯಾರಿಗೂ ಕಡಿಮೆ ಇಲ್ಲ.

ಎಡಗೈ ನೂಲು, ಮ್ಯೂನಿಕ್: 40 ವರ್ಷ ಮಾಡಿದ್ದೀರಿ ಎಂದ ಮಾತ್ರಕ್ಕೆ ಅದು ವೇಗ ಆಗುವುದಿಲ್ಲ.

ಫಿಸಿಯೋ: ಎರಡೂ ಕೈಯಲ್ಲಿ ಬೇಗ ಹೆಣೆಯುವವರಿದ್ದಾರೆ. 2008ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ಹೆಣಿಗೆ ಸ್ಪರ್ಧೆಯಲ್ಲಿ ಶೆಟ್ಲೆಂಡ್‌ನ ಹೇಝೆಲ್ ಟಿಂಡಾಲ್ 3 ನಿಮಿಷಕ್ಕೆ 262 ಹೊಲಿಗೆ ಹಾಕಿ ಗೆದ್ದರು. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆ ದ್ವೀಪಗಳಲ್ಲಿ ನೂಲು ಬಲಗೈಯಲ್ಲೇ. ಸೊಂಟಕ್ಕೆ ಚರ್ಮದ ಬೆಲ್ಟ್ ಕಟ್ಟುತ್ತಾರೆ. ಅದರಲ್ಲಿ ತೂತುಗಳಿರುವ ಒಂದು ದಿಂಬು, ಒಳಗೆ ಕುದುರೆ ಕೂದಲು ತುಂಬಿರುತ್ತದೆ. ಬಲಗಡ್ಡಿಯ ಹಿಂತುದಿಯನ್ನು ಆ ತೂತಿಗೆ ಚುಚ್ಚಿ ನಿಲ್ಲಿಸಿದರೆ ಕಡ್ಡಿಯ ಭಾರ ಹೊರುವ ಕೆಲಸವೇ ಕೈಗಿಲ್ಲ. ಬೆರಳಿಗೆ ನೂಲು ಆಡಿಸುವುದೊಂದೇ ಕೆಲಸ. ನೀವು ಉದ್ದ ಕಡ್ಡಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೋಡಿ, ಅದೇ ಲಾಭದಲ್ಲಿ ಅರ್ಧ ಸಿಗುತ್ತದೆ. ಎಡಗೈ ಕ್ರಮದಲ್ಲಿ ಸೀದಾ ಹೊಲಿಗೆ ಬೇಗ ಸಾಗುತ್ತದೆ, ಅದು ನಿಜ. ಉಲ್ಟಾ ಹೊಲಿಗೆಯಲ್ಲಿ ಹಲವರು ತಡವರಿಸುತ್ತಾರೆ, ಅದೂ ನಿಜ. ಸಾಕು ಇದು.

ಹರಳೆಣ್ಣೆ: ಫಾರ್ವರ್ಡ್ ಬಂದದ್ದು ಹಾಕುತ್ತಿದ್ದೇನೆ. "ಬೆರಳು ಜುಮ್ ಅನ್ನುವವರು ಬಿಸಿ ಹರಳೆಣ್ಣೆಗೆ ಕರ್ಪೂರ ಹಾಕಿ ಮಣಿಕಟ್ಟಿಗೆ ಸವರಿ, ಬಟ್ಟೆ ಬಿಗಿಯಾಗಿ ಸುತ್ತಿ ರಾತ್ರಿಯೆಲ್ಲ ಬಿಡಿ. 7 ದಿನದಲ್ಲಿ ನರ ಬಿಡಿಸಿಕೊಳ್ಳುತ್ತದೆ." ನೂರಕ್ಕೆ ನೂರು ಗುಣ ಅಂತೆ.

ಕುಲಾವಿ ಅಮ್ಮ: ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಂಗುರದ ಬೆರಳು ಒಂದು ಬದಿ ಮಾತ್ರ. ಕಿರುಬೆರಳು ಚೆನ್ನಾಗಿದೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ. ಕೈ ಒದರಿದರೆ ಸರಿ ಹೋಗುತ್ತಿತ್ತು, ಈಚೆಗೆ ಒದರಿದರೂ ಹೋಗುತ್ತಿಲ್ಲ. ಮೊನ್ನೆ ಕಾಫಿ ಲೋಟ ಜಾರಿತು. ಥೈರಾಯ್ಡ್ ಮಾತ್ರೆ ತಗೊಳ್ಳುತ್ತೇನೆ, ನಡುವೆ ಬಿಟ್ಟಿದ್ದೆ. ಹರಳೆಣ್ಣೆ ಮನೆಯಲ್ಲೇ ಇದೆ, ಇವತ್ತೇ ಹಚ್ಚಲಾ?

ಫಿಸಿಯೋ: ಬೇಡ. ಮೊದಲು ಇದನ್ನು ಓದಿ.

ನೀವು ಹೇಳಿದ ಬೆರಳುಗಳು, ಕಿರುಬೆರಳು ಬಿಟ್ಟು ಉಂಗುರದ ಬೆರಳಿನ ಅರ್ಧ, ಇವೆಲ್ಲ ಮೀಡಿಯನ್ ನರದ ಪಾಲು. ಮಣಿಕಟ್ಟಿನಲ್ಲಿ ಮೂಳೆಗಳ ಮೇಲೆ ಒಂದು ಗಟ್ಟಿ ಪಟ್ಟಿ ಇರುತ್ತದೆ. ಅದರ ಕೆಳಗಿನ ಇಕ್ಕಟ್ಟಿನಲ್ಲಿ ಬೆರಳು ಮಡಿಸುವ 9 ಸ್ನಾಯುರಜ್ಜುಗಳ ಜೊತೆಗೆ ಈ ನರ ಹೋಗುತ್ತದೆ. ಒಳಗೆ ಊತ ಬಂದರೆ ಅದುಮಿಸಿಕೊಳ್ಳುವುದು ನರವೇ. ಇದಕ್ಕೆ ಕಾರ್ಪಲ್ ಟನಲ್ ಎನ್ನುತ್ತಾರೆ. ಮಲಗಿದಾಗ ಮಣಿಕಟ್ಟು ಮಡಚಿರುತ್ತದೆ, ಹಾಗಾಗಿ ರಾತ್ರಿಯೇ ಎಚ್ಚರ. ಥೈರಾಯ್ಡ್ ಕಡಿಮೆ ಇರುವವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಬಸುರಿಯರಲ್ಲಿ ಇದು ಜಾಸ್ತಿ. ಹೆಣಿಗೆಯೊಂದರಿಂದಲೇ ಬಂತು ಎಂದು ನಾನು ಹೇಳುತ್ತಿಲ್ಲ. ಆದರೆ ದಿನಕ್ಕೆ ಗಂಟೆಗಟ್ಟಲೆ ಕಡ್ಡಿ ಬಿಗಿ ಹಿಡಿದರೆ ಇದು ಹೆಚ್ಚುತ್ತದೆ.

ಜುಮ್ ಅನ್ನುವುದಕ್ಕಿಂತ ಲೋಟ ಜಾರಿದ್ದೇ ನನಗೆ ಹೆಚ್ಚು ಚಿಂತೆ. ಈಗಲೇ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಬೆಳಕಿನಲ್ಲಿ ನೋಡಿ. ಹೆಬ್ಬೆರಳ ಬುಡದ ದಿಂಡು ಎರಡರಲ್ಲೂ ಒಂದೇ ಥರ ಉಬ್ಬಿದೆಯಾ? ಸೇಫ್ಟಿ ಪಿನ್ನನ್ನು ಹೆಬ್ಬೆರಳು, ತೋರುಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿ. ಅದು ಬೆರಳಲ್ಲಿದೆ ಎಂದು ತಿಳಿಯುತ್ತದಾ?

ಹರಳೆಣ್ಣೆಯವರೇ, ಕೋಪ ಮಾಡಿಕೊಳ್ಳಬೇಡಿ, ಆದರೆ ಇಂಥದನ್ನು ಹಾಕಬೇಡಿ. ಸ್ಪರ್ಶ ಮಂದವಾದ ಕೈಗೆ ಬಿಸಿ ಎಷ್ಟೆಂದು ಗೊತ್ತಾಗುವುದಿಲ್ಲ, ಸುಟ್ಟ ಮೇಲೆ ಬೊಬ್ಬೆ ನೋಡಿ ಗೊತ್ತಾಗುತ್ತದೆ. ಮೊದಲೇ ಅದುಮಿರುವ ನರದ ಮೇಲೆ ಬಟ್ಟೆ ಬಿಗಿದರೆ ಇನ್ನಷ್ಟು ಅದುಮುತ್ತದೆ. ಕರ್ಪೂರ ಹಚ್ಚಿದ ಕೈಯಲ್ಲಿ ಕೂಸಿನ ಕುಲಾವಿ ಮುಟ್ಟಲೇಬೇಡಿ. ಕರ್ಪೂರ ಕೂಸಿನ ಬಾಯಿಗೆ ಹೋದರೆ ಫಿಟ್ಸ್ ಬರಬಹುದು.

ಹರಳೆಣ್ಣೆ: ನಮ್ಮ ಅಜ್ಜಿಯೂ ಹಚ್ಚುತ್ತಿದ್ದರು. ಡಾಕ್ಟರುಗಳಿಗೆ ಮನೆ ಮದ್ದು ಕಂಡರೆ ಆಗುವುದಿಲ್ಲ.

ಫಿಸಿಯೋ: ಮಂಡಿ ನೋವಿಗೆ ನಾನೂ ಎಣ್ಣೆ ಹಚ್ಚುತ್ತೇನೆ. ಇದು ಬೇರೆ.

ಎರಡು ಸೀದಾ ಎರಡು ಉಲ್ಟಾ: ಬೇಗ ಹೆಣೆಯಲು ಯಾವ ಕಡ್ಡಿ ಒಳ್ಳೆಯದು?

ಫಿಸಿಯೋ: ಮೇಲೆ ಇದೆ.

ಬಾಣಂತಿ: ಮಗುವಿಗೆ 3 ತಿಂಗಳು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಬದಿಗೆ ಕುತ್ತಿದ ಹಾಗೆ ನೋವು. ಮಗು ಎತ್ತುವಾಗಲೂ, ಹೆಣೆಯುವಾಗಲೂ. ನೂಲನ್ನು ಕುತ್ತಿಗೆಗೆ ಹಾಕಿಕೊಂಡು ಹೆಣೆಯುವ ಪೋರ್ಚುಗೀಸ್ ಕ್ರಮ ಬೇಗ ಆಗುತ್ತದೆ ಅಂತಾರೆ, ಕಲಿಯಲಾ?

ಫಿಸಿಯೋ: ಈಗ ಬೇಡ. ಅದರಲ್ಲಿ ಪ್ರತಿ ಹೊಲಿಗೆಗೂ ನೂಲು ಚಿಮ್ಮಿಸುವುದು ಹೆಬ್ಬೆರಳು. ನಿಮ್ಮ ನೋವು ಡಿ ಕ್ವೆರ್ವೇನ್, ಅಂದರೆ ಹೆಬ್ಬೆರಳ ಸ್ನಾಯುರಜ್ಜುಗಳ ಸುತ್ತ ಬರುವ ಊತ, ಇದ್ದ ಹಾಗಿದೆ, ಎಳೆ ಕೂಸಿನ ತಾಯಂದಿರಲ್ಲಿ ಸಾಮಾನ್ಯ. ಮಗುವನ್ನು ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಅಂಗೈ ಮೇಲೆ ಮಾಡಿ ತೊಡೆ, ಬೆನ್ನಿನ ಕೆಳಗಿಂದ ಎತ್ತಿ. ಹೆಬ್ಬೆರಳು ಸೇರಿಸಿ ಹಿಡಿಯುವ ಸ್ಪ್ಲಿಂಟ್ ಬೇಕಾಗಬಹುದು, ಹೋಗಿ ತೋರಿಸಿ. ಕೈ ಸರಿಹೋದ ಮೇಲೆ ಖಂಡಿತ ಕಲಿಯಿರಿ. ಉಲ್ಟಾ ಹೊಲಿಗೆಗೆ ಅಷ್ಟು ಸುಲಭದ ಕ್ರಮ ನನಗೆ ಬೇರೆ ಗೊತ್ತಿಲ್ಲ.

ಹಾಸನದಿಂದ: ಮಗಳು ಎಡಚಿ. ಅವಳಿಗೆ ಕನ್ನಡಿ ಎದುರು ಕಲಿಸಬೇಕಾ?

ಮೆಷಿನ್ ಇದೆಯಲ್ಲ: ಇಷ್ಟೆಲ್ಲ ಕಷ್ಟ ಯಾಕೆ? ಹೆಣಿಗೆ ಮೆಷಿನ್ ತಗೊಳ್ಳಿ, ಒಂದು ಸ್ವೆಟರ್ ಒಂದು ದಿನ.

ಕಾನ್ವೆಂಟ್ ಕೈ, ಮಂಗಳೂರು: ಕೈಹೆಣಿಗೆ ಗುಂಪಿಗೆ ಬಂದು ಮೆಷಿನ್ ಮಾತಾಡುವುದಾ? ಮೆಷಿನ್ ಬೇಕಾದವರು ಅಂಗಡಿಗೆ ಹೋಗಲಿ.

ಮೆಷಿನ್ ಇದೆಯಲ್ಲ: ಕುಲಾವಿ ಅಮ್ಮ ಹೊಟ್ಟೆಪಾಡಿಗೆ ಹೆಣೆಯುತ್ತಿದ್ದಾರೆ. ನಿಮ್ಮ ಹಾಗೆ ಹವ್ಯಾಸಕ್ಕಲ್ಲ.

ಎಡಗೈ ನೂಲು, ಮ್ಯೂನಿಕ್: ಸೋಲೊಪ್ಪದವರು ಎಲ್ಲದಕ್ಕೂ ಜಗಳ ತೆಗೆಯುತ್ತಾರೆ.

ಕಾನ್ವೆಂಟ್ ಕೈ, ಮಂಗಳೂರು: ನಿಮ್ಮ ಹತ್ತಿರ ಯಾರೂ ಮಾತಾಡಲಿಲ್ಲ.

ಅಡ್ಮಿನ್: ದಯವಿಟ್ಟು ನಿಲ್ಲಿಸಿ.

ದಿನಕ್ಕೆಂಟು ಗಂಟೆ: ಕೂರುವ ಮೊದಲು ಒಂದು ನೋವಿನ ಮಾತ್ರೆ ನುಂಗಿದರೆ ನನಗೆ ಸಂಜೆವರೆಗೂ ನೋವೇ ಇಲ್ಲ. ಎಲ್ಲರೂ ಮಾಡಬಹುದು.

ಫಿಸಿಯೋ: ಯಾರೂ ಮಾಡಬೇಡಿ. ನಿಲ್ಲಿಸು ಎಂದು ಕೈ ಹೇಳುವುದು ನೋವಿನಿಂದಲೇ. ಅದನ್ನು ಮುಚ್ಚಿ ಎಂಟು ಗಂಟೆ ಹೆಣೆದರೆ ಹಾಳಾಗುವುದು ಕೈ, ಜೊತೆಗೆ ಹೊಟ್ಟೆ, ಕಿಡ್ನಿ. 20 ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಡಿ, ಎದ್ದು ನೀರು ಕುಡಿದು ಬನ್ನಿ. ಮೊಣಕೈ ಕೆಳಗೆ ದಿಂಬು ಇರಲಿ, ಮಣಿಕಟ್ಟು ನೇರ ಇರಲಿ.

ಚಳಿಗಾಲದ ಚಿಕ್ಕಮಗಳೂರು: ತಾಮ್ರದ ಬಳೆ, ಅಯಸ್ಕಾಂತದ ಪಟ್ಟಿ ಹಾಕಿದರೆ ಕೈ ಬೇಗ ಓಡುತ್ತದಂತೆ, ಹೌದಾ?

ಫಿಸಿಯೋ: ಇಲ್ಲ.

ಎರಡು ಸೀದಾ ಎರಡು ಉಲ್ಟಾ: ಯಾವ ಕಂಪನಿ ಕಡ್ಡಿ ಅಂತ ಹೇಳಲೇ ಇಲ್ಲ.

ಕುಲಾವಿ ಅಮ್ಮ: ನೋಡಿದೆ ಮೇಡಂ. ಬಲಗೈ ದಿಂಡು ಚಪ್ಪಟೆಯಾಗಿದೆ, ಒತ್ತಿದರೆ ಮೂಳೆ ಸಿಗುತ್ತದೆ. ಎಡಗೈ ದುಂಡಗಿದೆ. ಇಷ್ಟು ದಿನ ಗಮನಿಸಿರಲಿಲ್ಲ. ಕಣ್ಣು ಮುಚ್ಚಿದ್ದಾಗ ಪಿನ್ ಬಿದ್ದುಹೋಗಿತ್ತು. ನಾನು ಹಿಡಿದುಕೊಂಡೇ ಇದ್ದೇನೆ ಅಂದುಕೊಂಡಿದ್ದೆ. ಮೊಮ್ಮಗಳು ಹೇಳಿದಳು.

ಫಿಸಿಯೋ: ಬೇರೆಯವರ ಪ್ರಶ್ನೆಗಳನ್ನು ನಿಲ್ಲಿಸುತ್ತಿದ್ದೇನೆ, ಕ್ಷಮಿಸಿ.

ಅಮ್ಮಾ, ಇದು ವಯಸ್ಸಿನದಲ್ಲ. ದಿಂಡು ಕರಗಿದೆ ಎಂದರೆ ನರ ತುಂಬಾ ದಿನದಿಂದ ಅದುಮಿದೆ. ಈ ಹಂತದಲ್ಲಿ ವ್ಯಾಯಾಮ, ಸ್ಪ್ಲಿಂಟ್ ಮಾತ್ರ ನಂಬಿ ಕೂರುವಂತಿಲ್ಲ. ಈ ವಾರವೇ ಮೂಳೆ ಡಾಕ್ಟರ್ ಅಥವಾ ನರದ ಡಾಕ್ಟರ್ ಹತ್ತಿರ ಹೋಗಿ. ನನಗೆ ಹೇಳಿದ್ದನ್ನೇ ಹೇಳಿ: ದಿಂಡು ಇಳಿದಿದೆ, ಪಿನ್ ತಿಳಿಯಲಿಲ್ಲ, ಥೈರಾಯ್ಡ್ ಮಾತ್ರೆ ನಡುವೆ ಬಿಟ್ಟಿದ್ದೆ. ನರದ ವೇಗ ಅಳೆಯುವ ಪರೀಕ್ಷೆ ಇದೆ, ಎನ್‌ಸಿಎಸ್ ಎನ್ನುತ್ತಾರೆ. ಬರೆಯದಿದ್ದರೆ ನೀವೇ ಕೇಳಿ. ಥೈರಾಯ್ಡ್, ಸಕ್ಕರೆ ಎರಡನ್ನೂ ನೋಡಿಸಿ. ಆ ಪಟ್ಟಿ ಬಿಡಿಸುವ ಸಣ್ಣ ಆಪರೇಷನ್ ಬೇಕು ಎಂದರೆ ಹೆದರಬೇಡಿ. ಸಾಮಾನ್ಯವಾಗಿ ಕೈ ಮಾತ್ರ ಮರಗಟ್ಟಿಸಿ ಮಾಡುತ್ತಾರೆ, ಅದೇ ದಿನ ಮನೆಗೆ ಬರುತ್ತೀರಿ. ತಡವಾದಷ್ಟೂ ಕರಗಿದ ಮಾಂಸ ವಾಪಸ್ ಬರುವುದು ಕಷ್ಟ. ಅಲ್ಲಿವರೆಗೆ ರಾತ್ರಿ ಮಣಿಕಟ್ಟು ನೇರ ಹಿಡಿಯುವ ಸ್ಪ್ಲಿಂಟ್ ಹಾಕಿ, ಬಿಗಿ ಬೇಡ. ಒಲೆ ಹತ್ತಿರ ಬಲಗೈ ಜೋಪಾನ. ಆರ್ಡರ್ ಕೊಟ್ಟವರಿಗೆ ನಾಳೆಯೇ ಹೇಳಿಬಿಡಿ.

ಕಾನ್ವೆಂಟ್ ಕೈ, ಮಂಗಳೂರು: ಉಳಿದ ಸೆಟ್‌ಗಳನ್ನು ನಾನು ಹೆಣೆದುಕೊಡುತ್ತೇನೆ. ಅಳತೆ, ನೂಲಿನ ಬಣ್ಣ ಕಳಿಸಿ. ದುಡ್ಡು ನಿಮ್ಮದೇ.

ಎಡಗೈ ನೂಲು, ಮ್ಯೂನಿಕ್: ಅದಾದರೂ ಬೇಗ ಮಾಡಿ.

ಹೊಸ ಕಡ್ಡಿ: ನಾನು ಕಾಲುಚೀಲ ಹೆಣೆಯಬಲ್ಲೆ, ನಿಧಾನ ಆದರೆ ಪರವಾಗಿಲ್ವಾ?

ಕುಲಾವಿ ಅಮ್ಮ: ಗುರುವಾರ ಮಗ ರಜೆ ಹಾಕಿ ಕರೆದುಕೊಂಡು ಹೋಗುತ್ತಾನೆ. ಆರನೆಯ ಕುಲಾವಿ ಕಡ್ಡಿಯಲ್ಲೇ ಇದೆ ಮೇಡಂ, ನಾಲ್ಕೇ ಸುತ್ತು ಬಾಕಿ. ಅಷ್ಟು ಮುಗಿಸಿಬಿಡಲಾ?

ಫಿಸಿಯೋ: ಬಾಕಿ ಇರಲಿ ಅಮ್ಮ. ಕಡ್ಡಿ ಸಮೇತ ಮಂಗಳೂರಿಗೆ ಕಳಿಸಿ.